ದಾರಿಯಲ್ಲಿರುವ ಫಸಲಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ನನ್ನ ತಮ್ಮ ಕೋಲಾರ ತಾಲ್ಲೂಕಿನಲ್ಲಿ ಟೊಮೆಟೊ ಬೆಳೆಯುತ್ತಾನೆ. ನಾನು ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೂವತ್ತು ವರ್ಷ ನಿಯಂತ್ರಣ ವ್ಯವಸ್ಥೆಗಳ ಪಾಠ ಹೇಳಿ ನಿವೃತ್ತನಾದವನು. 2023ರ ಜುಲೈ ಮೊದಲ ವಾರ ಅವನು ಫೋನ್ ಮಾಡಿದ. ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕೆಜಿಯ ಬಾಕ್ಸ್ ಸಾವಿರ ರೂಪಾಯಿ ದಾಟಿ ಏರುತ್ತಲೇ ಇದ್ದ ದಿನಗಳವು. ತಿಂಗಳು ಮುಗಿಯುವ ಹೊತ್ತಿಗೆ ಅದು ಎರಡು ಸಾವಿರವನ್ನೂ ಮೀರಿತು. ಆದರೆ ತಮ್ಮನ ದನಿಯಲ್ಲಿ ಗೆಲುವಿರಲಿಲ್ಲ. ಬೇಸಿಗೆಯಲ್ಲಿ ಬೆಲೆ ಬಿದ್ದಿತ್ತು, ಜೊತೆಗೆ ಬಿಳಿ ನೊಣದ ಕಾಟಕ್ಕೆ ಗಿಡಗಳಿಗೆ ಎಲೆ ಮುದುಡುವ ಬಿಂಗಿ ರೋಗ ತಗುಲಿತ್ತು. ಬೇಸತ್ತು ಅವನು ಹೊಲವನ್ನು ಹಾಗೆಯೇ ಬಿಟ್ಟಿದ್ದ. ಚಿನ್ನದ ಬೆಲೆ ಬಂದಾಗ ಮಾರುವುದಕ್ಕೆ ಅವನಲ್ಲಿ ಒಂದು ಬಾಕ್ಸೂ ಇರಲಿಲ್ಲ.

"ಅಣ್ಣ, ನರ್ಸರಿಯಲ್ಲಿ ಸಸಿಗೆ ಜನ ಮುಗಿಬಿದ್ದಿದ್ದಾರೆ. ನಾನೂ ಐದು ಸಾವಿರ ಸಸಿ ಹೇಳಿ ಬರಲೇ?" ಎಂದು ಕೇಳಿದ.

ಈ ಪ್ರಶ್ನೆಗೆ ಉತ್ತರಿಸುವ ಶಾಸ್ತ್ರವೊಂದಿದೆ, ನಿಯಂತ್ರಣ ಶಾಸ್ತ್ರ. ಅದು ಕೃಷಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದಲ್ಲ, ಯಂತ್ರಶಾಲೆಯಲ್ಲಿ ಹುಟ್ಟಿದ್ದು. ಇವತ್ತು ಅದರ ಬಗ್ಗೆ ಮಾತನಾಡುತ್ತೇನೆ.

ನಿಯಂತ್ರಣ ಎಂದರೆ ಏನೆಂದು ವಿದ್ಯಾರ್ಥಿಗಳಿಗೆ ತಿಳಿಸಲು ನಾನು ಯಾವಾಗಲೂ ಸರ್ ಎಂ. ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟುಗಳಿಂದ ಶುರುಮಾಡುತ್ತಿದ್ದೆ. 1903ರಲ್ಲಿ ಪುಣೆಯ ಹತ್ತಿರದ ಖಡಕವಾಸಲಾ ಜಲಾಶಯದಲ್ಲಿ ಅವರು ಅವನ್ನು ಅಳವಡಿಸಿದರು. ಮುಂದೆ ಕನ್ನಂಬಾಡಿ ಕಟ್ಟೆಗೂ ಅಂಥವು ಬಂದವು. ನೀರು ಮಿತಿ ಮೀರಿ ಏರಿದರೆ ಗೇಟು ತಾನೇ ತೆರೆದುಕೊಳ್ಳುತ್ತದೆ, ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. ನೀರಿನ ಮಟ್ಟವೇ ಗೇಟಿಗೆ ಸುದ್ದಿ, ಗೇಟಿನ ಚಲನೆಯೇ ಮಟ್ಟಕ್ಕೆ ಉತ್ತರ. ಸುದ್ದಿ ಹೋಗಿ ಉತ್ತರ ಬರುವ ಈ ಸುತ್ತನ್ನೇ ನಾವು ಫೀಡ್‌ಬ್ಯಾಕ್ ಎನ್ನುತ್ತೇವೆ. ಆ ಗೇಟು ಅಷ್ಟು ಚೊಕ್ಕವಾಗಿ ಕೆಲಸ ಮಾಡಲು ಒಂದು ಮುಖ್ಯ ಕಾರಣವಿದೆ: ಸುದ್ದಿ ಮತ್ತು ಉತ್ತರ ಎರಡೂ ಒಂದೇ ಜಾಗದಲ್ಲಿ, ಒಂದೇ ಗಳಿಗೆಯಲ್ಲಿ ನಡೆಯುತ್ತವೆ.

ಈಗ ಅದೇ ಕಟ್ಟೆಯಿಂದ ಹೊರಡುವ ನಾಲೆಯನ್ನು ನೆನೆಸಿಕೊಳ್ಳಿ. ಇಲ್ಲಿ ತೂಬು ಎತ್ತಿದರೆ ಕಡೆಯಂಚಿನ ರೈತನ ಗದ್ದೆಗೆ ನೀರು ಮುಟ್ಟಲು ದಿನಗಳು ಬೇಕು. ನೀರು ಬರಲಿಲ್ಲವೆಂದು ಅವನು ದೂರುತ್ತಾನೆ. ಹೊರಟ ನೀರು ಇನ್ನೂ ದಾರಿಯಲ್ಲಿರುವಾಗಲೇ ತೂಬನ್ನು ಮತ್ತಷ್ಟು ಎತ್ತಿದರೆ, ಎರಡೂ ಸಲದ ನೀರು ಒಟ್ಟಾಗಿ ಬಂದು ಅವನ ಗದ್ದೆ ಮುಳುಗುತ್ತದೆ. ಗಾಬರಿಯಿಂದ ತೂಬು ಮುಚ್ಚಿದರೆ ಕೆಲವು ದಿನಗಳ ನಂತರ ಮತ್ತೆ ಒಣಗುತ್ತದೆ. ಯಾರಲ್ಲೂ ದುರುದ್ದೇಶವಿಲ್ಲ, ಎಲ್ಲರೂ ಕಣ್ಣಿಗೆ ಕಂಡದ್ದಕ್ಕೆ ಸರಿಯಾಗಿಯೇ ನಡೆದುಕೊಂಡಿದ್ದಾರೆ. ಆದರೂ ಗದ್ದೆ ಒಮ್ಮೆ ಕೆರೆ, ಒಮ್ಮೆ ಬಯಲು.

ಈ ತೂಗಾಟ ಸರಕಿನ ವಹಿವಾಟಿನಲ್ಲೂ ಇದೆ ಎಂದು ಎತ್ತಿ ತೋರಿಸಿದವರು ಅಮೆರಿಕದ ಜೇ ಫಾರೆಸ್ಟರ್. ನೆಬ್ರಾಸ್ಕಾದ ಒಂದು ದನದ ರ‍್ಯಾಂಚಿನಲ್ಲಿ ಬೆಳೆದ ಅವರು ಹುಡುಗರಿದ್ದಾಗಲೇ ಗಾಳಿಯಂತ್ರದಿಂದ ಮನೆಗೆ ವಿದ್ಯುತ್ ತಂದಿದ್ದರಂತೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಎಂಐಟಿ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ರಾಡಾರ್ ಮತ್ತು ಫಿರಂಗಿಗಳನ್ನು ತಿರುಗಿಸುವ ನಿಯಂತ್ರಣ ಯಂತ್ರಗಳ ಮೇಲೆ ಕೆಲಸ ಮಾಡಿದರು. ಮುಂದೆ ಕಂಪ್ಯೂಟರಿನ ನೆನಪಿನ ಕೋಶಗಳನ್ನು ಕಾಂತದ ಬಳೆಗಳಿಂದ ಕಟ್ಟಿದವರೂ ಅವರೇ. 1956ರಲ್ಲಿ ಇದೆಲ್ಲವನ್ನೂ ಬಿಟ್ಟು ಅದೇ ಸಂಸ್ಥೆಯ ಆಡಳಿತ ನಿರ್ವಹಣೆಯ ಶಾಲೆಗೆ ಹೋದರು.

ಅಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಒಂದು ಸಮಸ್ಯೆಯನ್ನು ಅವರ ಮುಂದಿಟ್ಟರು. ಕೆಂಟಕಿಯಲ್ಲಿದ್ದ ಗೃಹೋಪಕರಣಗಳ ಕಾರ್ಖಾನೆಗಳಲ್ಲಿ ಒಮ್ಮೆ ಮೂರು ನಾಲ್ಕು ಪಾಳಿ ಕೆಲಸ, ಕೆಲವೇ ವರ್ಷಗಳಲ್ಲಿ ಅರ್ಧದಷ್ಟು ಕಾರ್ಮಿಕರು ಮನೆಗೆ. ಕಾರಣ ಕೇಳಿದರೆ ದೇಶದ ಆರ್ಥಿಕ ಏರಿಳಿತ ಎಂಬ ಉತ್ತರ ಸಿದ್ಧವಿತ್ತು. ಫಾರೆಸ್ಟರ್ ಒಂದು ನೋಟ್‌ಬುಕ್ ತೆಗೆದುಕೊಂಡು ಪೆನ್ಸಿಲಿನಲ್ಲಿ ಕಂಬಸಾಲು ಎಳೆದರು: ಒಂದರಲ್ಲಿ ದಾಸ್ತಾನು, ಒಂದರಲ್ಲಿ ಆರ್ಡರು, ಇನ್ನೊಂದರಲ್ಲಿ ಕೆಲಸಗಾರರು. ವಾರದ ಮೇಲೆ ವಾರ ಲೆಕ್ಕ ಮಾಡುತ್ತ ಹೋದರು. ಹೊರಗಿನ ಬೇಡಿಕೆ ಒಂದೇ ಸಮನಾಗಿದ್ದರೂ ಕಾರ್ಖಾನೆಯ ಒಳಗಿನ ನಿಯಮಗಳೇ ಕೆಲಸವನ್ನು ಏರಿಸಿ ಇಳಿಸಬಲ್ಲವು ಎಂದು ಆ ಹಾಳೆಗಳ ಮೇಲೆ ಕಂಡಿತು. ಕೆಲಸ ಕಳೆದುಕೊಂಡವರ ಕಷ್ಟಕ್ಕೆ ದೇಶದ ಆರ್ಥಿಕತೆಗಿಂತ ಹತ್ತಿರದ ಕಾರಣವೊಂದಿತ್ತು, ಅದನ್ನು ತಿದ್ದಲೂ ಸಾಧ್ಯವಿತ್ತು. ನನ್ನ ಮಟ್ಟಿಗೆ ಕಳೆದ ಶತಮಾನದ ದೊಡ್ಡ ಸಂಶೋಧನೆಗಳಲ್ಲಿ ಇದೂ ಒಂದು. ಇದಕ್ಕೆ ಪ್ರಯೋಗಾಲಯವೂ ಬೇಕಾಗಲಿಲ್ಲ.

ಫಾರೆಸ್ಟರ್ ಅವರನ್ನು ನಾನು ಎಲ್ಲದರಲ್ಲೂ ಒಪ್ಪುವುದಿಲ್ಲ. 1969ರಲ್ಲಿ ಅವರು ಇದೇ ವಿಧಾನವನ್ನು ನಗರಗಳಿಗೆ ಅನ್ವಯಿಸಿ, ಬಡವರಿಗಾಗಿ ಅಗ್ಗದ ಮನೆ ಕಟ್ಟುವುದರಿಂದ ನಗರ ಇನ್ನಷ್ಟು ಸೊರಗುತ್ತದೆ ಎಂದರು. ನಗರದ ಗಡಿಯಾಚೆಯ ಬಡಾವಣೆಗಳಲ್ಲಿ ಏನಾಗುತ್ತದೆ ಎಂಬುದನ್ನು ಆ ಮಾದರಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಾರ್ವಜನಿಕ ನೀತಿಗೆ ಗಣಿತವನ್ನು ತರುವವರು ಗಡಿ ಎಲ್ಲಿ ಎಳೆದಿದ್ದೇವೆ ಎಂಬುದನ್ನು ಮೊದಲು ಹೇಳಬೇಕು.

ಅವರ ಬಳಗದಿಂದ ಬಂದ ಒಂದು ಆಟವಿದೆ. ನಾಲ್ಕು ಜನ ಸಾಲಾಗಿ ಕೂರಬೇಕು: ಚಿಲ್ಲರೆ ಅಂಗಡಿಯವನು, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆಯವನು. ಪ್ರತಿಯೊಬ್ಬನೂ ತನ್ನ ಹಿಂದಿನವನಿಗೆ ಚೀಟಿಯಲ್ಲಿ ಆರ್ಡರ್ ಬರೆಯುತ್ತಾನೆ. ಮಾತನಾಡುವಂತಿಲ್ಲ. ಸರಕು ಬರಲು ಕೆಲವು ವಾರ ಹಿಡಿಯುತ್ತದೆ. ಗಿರಾಕಿ ಮೊದಲ ನಾಲ್ಕು ವಾರ ನಾಲ್ಕು ಪೆಟ್ಟಿಗೆ ಕೇಳುತ್ತಾನೆ, ಆಮೇಲೆ ಎಂಟು. ನಂತರ ಕೊನೆಯವರೆಗೂ ಎಂಟೇ. ಇಡೀ ಆಟದಲ್ಲಿ ಬೇಡಿಕೆ ಬದಲಾಗುವುದು ಆ ಒಂದೇ ಸಲ. ನಾನು ತರಗತಿಯಲ್ಲಿ ಬಿಸ್ಕತ್ ಪೊಟ್ಟಣ ಇಟ್ಟುಕೊಂಡು ಇದನ್ನು ಆಡಿಸುತ್ತಿದ್ದೆ. ಪ್ರತಿ ವರ್ಷವೂ ಒಂದೇ ಕಥೆ. ಅಂಗಡಿಯವನ ಹತ್ತಿರ ಸರಕು ಮುಗಿಯುತ್ತದೆ, ಅವನು ಹನ್ನೆರಡು ಬರೆಯುತ್ತಾನೆ. ಬರಲಿಲ್ಲವೆಂದು ಮುಂದಿನ ವಾರ ಇನ್ನೂ ಹದಿನಾರು. ಸಗಟು ವ್ಯಾಪಾರಿ ಅದನ್ನು ನೋಡಿ ಇಪ್ಪತ್ತು ಬರೆಯುತ್ತಾನೆ. ಕಾರ್ಖಾನೆಯ ಹುಡುಗಿ ಒಬ್ಬಳು ಒಂದು ವರ್ಷ ನಲವತ್ತರ ಚೀಟಿ ಹಿಡಿದು ಬೆವರಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹತ್ತು ವಾರ ಕಳೆಯುವ ಹೊತ್ತಿಗೆ ಎಲ್ಲರ ಮೇಜಿನ ಮೇಲೂ ಬಿಸ್ಕತ್ತಿನ ರಾಶಿ. ಗಿರಾಕಿಯ ಬೇಡಿಕೆ ಹೇಗಿತ್ತು, ಚಿತ್ರ ಬರೆಯಿರಿ ಎಂದರೆ ಎಲ್ಲರೂ ದೊಡ್ಡ ಅಲೆ ಬರೆಯುತ್ತಿದ್ದರು. ಆ ಅಲೆಯನ್ನು ಎಬ್ಬಿಸಿದವರು ತಾವೇ ಎಂದು ಯಾರಿಗೂ ತೋರುತ್ತಿರಲಿಲ್ಲ.

ಎಂಐಟಿಯ ಜಾನ್ ಸ್ಟರ್ಮನ್ ಈ ಆಟದ ದಾಖಲೆಗಳನ್ನು ವಿಶ್ಲೇಷಿಸಿ 1989ರಲ್ಲಿ ಪ್ರಕಟಿಸಿದರು. ಆಡಿದವರ ವೆಚ್ಚ ಸರಾಸರಿ, ಸಾಧ್ಯವಿದ್ದ ಕನಿಷ್ಠ ವೆಚ್ಚದ ಹತ್ತು ಪಟ್ಟು. ಕಾರಣ ಬಹಳ ಸರಳ. ಜನ ಕೈಯಲ್ಲಿರುವುದನ್ನು ಎಣಿಸುತ್ತಾರೆ, ಆರ್ಡರ್ ಕೊಟ್ಟು ಇನ್ನೂ ಬಾರದಿರುವುದನ್ನು ಮರೆಯುತ್ತಾರೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು ಮಕ್ಕಳ ಡೈಪರ್ ವ್ಯಾಪಾರದಲ್ಲಿ ಇದನ್ನೇ ಕಂಡರು. ಮಗು ದಿನಕ್ಕೆ ಬಳಸುವ ಡೈಪರ್ ಹೆಚ್ಚುಕಡಿಮೆ ಅಷ್ಟೇ, ಆದರೆ ಅಂಗಡಿಯಿಂದ ಕಾರ್ಖಾನೆಯ ಕಡೆಗೆ ಹಿಂದೆ ಹಿಂದೆ ಹೋದಷ್ಟೂ ಆರ್ಡರುಗಳು ಹುಚ್ಚು ಹಿಡಿದಂತೆ ಕುಣಿಯುತ್ತಿದ್ದವು. ಚಾಟಿಯ ಹಿಡಿಯನ್ನು ತುಸು ಅಲುಗಿಸಿದರೂ ತುದಿ ಛಟೀರೆನ್ನುತ್ತದಲ್ಲ, ಹಾಗೆ.

ಈಗ ಕೋಲಾರಕ್ಕೆ ಬರುತ್ತೇನೆ.

ಟೊಮೆಟೊ ಬೀಜ ನರ್ಸರಿಯ ತಟ್ಟೆಯಲ್ಲಿ ಸುಮಾರು ಇಪ್ಪತ್ತೈದು ದಿನ ಇರುತ್ತದೆ. ನಾಟಿ ಮಾಡಿ ನೀಲಗಿರಿ ಕೋಲು ನೆಟ್ಟು, ದಾರ ಕಟ್ಟಿ, ಮೊದಲ ಕೊಯ್ಲು ಸಿಗಲು ಇನ್ನೂ ಎರಡು ತಿಂಗಳ ಮೇಲೆ. ಅಂದರೆ ಬೆಲೆ ಕಂಡು ರೈತ ಇವತ್ತು ಕೊಡುವ ಉತ್ತರ ಮಾರುಕಟ್ಟೆಗೆ ಮುಟ್ಟುವುದು ಮೂರು ತಿಂಗಳ ನಂತರ. ಬೇಸಿಗೆಯ ಅಗ್ಗದ ಬೆಲೆಯೇ ಜುಲೈನ ದುಬಾರಿ ಬೆಲೆಯ ತಾಯಿ, ಜುಲೈನ ದುಬಾರಿ ಬೆಲೆ ಸೆಪ್ಟೆಂಬರಿನ ಕುಸಿತದ ತಾಯಿ. ರೋಗ ಮತ್ತು ಮಳೆ ಹಿಡಿಯನ್ನು ಅಲುಗಿಸಿದವು, ಚಾಟಿ ಬೀಸಿದ್ದು ವಿಳಂಬ. 1930ರ ದಶಕದಲ್ಲೇ ಅರ್ಥಶಾಸ್ತ್ರಜ್ಞರು ಇದನ್ನು ರೇಖೆಯಲ್ಲಿ ಬರೆದಾಗ ಅದು ಜೇಡರ ಬಲೆಯಂತೆ ಕಂಡಿತು. ಅದೇ ಹೆಸರು ಉಳಿದಿದೆ.

ಸರ್ಕಾರವೂ ಈ ಸುತ್ತಿನ ಹೊರಗೆ ನಿಂತಿಲ್ಲ. 2023ರ ಜುಲೈ ಮಧ್ಯದಲ್ಲಿ ಕೇಂದ್ರವು ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳಲ್ಲಿ ಟೊಮೆಟೊ ಖರೀದಿಸಿ ದೆಹಲಿ ಮುಂತಾದೆಡೆ ಕೆಜಿಗೆ 90 ರೂಪಾಯಿಯಂತೆ ಮಾರಿಸಿತು. ಬೆಲೆ ಇಳಿಸುತ್ತ ಆಗಸ್ಟ್‌ನಲ್ಲಿ 40ಕ್ಕೆ ತಂದಿತು. ನೇಪಾಳದಿಂದ ಆಮದೂ ಆಯಿತು. ಪಟ್ಟಣದ ಬಡ ಸಂಸಾರಕ್ಕೆ ಅದರಿಂದ ಉಪಕಾರವಾಯಿತು, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಅದೇ ವಾರಗಳಲ್ಲಿ ಲಕ್ಷಾಂತರ ಸಸಿಗಳು ಹೊಲ ಸೇರಿದ್ದವು. ಅವುಗಳ ಲೆಕ್ಕ ಆ ತೀರ್ಮಾನದೊಳಗೆ ಎಲ್ಲಿತ್ತು? ಸೆಪ್ಟೆಂಬರಿನಲ್ಲಿ ಬೆಲೆ ನೆಲ ಕಚ್ಚಿದಾಗ ರೈತನ ಕೈ ಹಿಡಿಯಲು ಅಷ್ಟೇ ಚುರುಕಿನ ವ್ಯವಸ್ಥೆ ಇರಲಿಲ್ಲ.

ಈರುಳ್ಳಿಯಲ್ಲಿ ಇನ್ನೊಂದು ಪಾಠ ಸಿಕ್ಕಿತು. ಆ ಆಗಸ್ಟ್‌ನಲ್ಲಿ ರಫ್ತಿನ ಮೇಲೆ ಶೇ 40 ಸುಂಕ ಬಿತ್ತು. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುವ ಬೆಂಗಳೂರು ಗುಲಾಬಿ ಈರುಳ್ಳಿಯೂ ಅದಕ್ಕೆ ಸಿಕ್ಕಿಕೊಂಡಿತು. ಆ ಪುಟ್ಟ ಈರುಳ್ಳಿ ಹೋಗುವುದು ಮಲೇಷ್ಯಾ, ಸಿಂಗಪುರಗಳಿಗೆ, ನಮ್ಮ ಅಡುಗೆಮನೆಯ ಬೆಲೆಗೂ ಅದಕ್ಕೂ ಸಂಬಂಧ ಕಡಿಮೆ. ಒಂದೇ ಸ್ವಿಚ್ಚಿಗೆ ಎರಡು ಬೇರೆ ಯಂತ್ರಗಳನ್ನು ಜೋಡಿಸಿದಂತಾಯಿತು. ತಪ್ಪು ಅರಿವಾಗಿ ವಿನಾಯಿತಿ ಸಿಗಲು ಸುಮಾರು ನಲವತ್ತು ದಿನ ಬೇಕಾಯಿತು. ಕಿತ್ತ ಈರುಳ್ಳಿಯನ್ನು ಇಟ್ಟುಕೊಂಡು ಕೂತವನಿಗೆ ನಲವತ್ತು ದಿನ ಎಂದರೆ ಒಂದು ಹಂಗಾಮು.

ಹಾಗಾದರೆ ವಿಳಂಬಕ್ಕೆ ಮದ್ದಿಲ್ಲವೇ? ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಟ್ಟೊ ಸ್ಮಿತ್ 1957ರಲ್ಲಿ ಅದನ್ನು ಬರೆದರು. ಕಾಗದದ ಗಿರಣಿಯನ್ನು ಊಹಿಸಿಕೊಳ್ಳಿ. ತಿರುಳು ಬಿಡುವ ಕವಾಟ ಈ ತುದಿಯಲ್ಲಿ, ಕಾಗದದ ದಪ್ಪ ಅಳೆಯುವ ಮಾಪಕ ಆ ತುದಿಯಲ್ಲಿ. ಕವಾಟ ತಿರುಗಿಸಿದ ಪರಿಣಾಮ ಮಾಪಕಕ್ಕೆ ಕಾಣಲು ಹೊತ್ತು ಬೇಕು. ಸ್ಮಿತ್ ಅವರ ನಿಯಂತ್ರಕವು ಒಂದು ಸಣ್ಣ ಕಡತ ಇಟ್ಟುಕೊಂಡಂತೆ ಕೆಲಸ ಮಾಡುತ್ತದೆ: ನಾನು ಇಷ್ಟು ತಿರುಗಿಸಿದ್ದೇನೆ, ಅದು ಇನ್ನೂ ದಾರಿಯಲ್ಲಿದೆ, ಇಂತಿಷ್ಟು ಹೊತ್ತಿಗೆ ಬರಬೇಕು. ಮಾಪಕದ ಇವತ್ತಿನ ಅಂಕಿಯ ಜೊತೆಗೆ ಈ ಕಡತವನ್ನೂ ನೋಡಿಯೇ ಅದು ಮುಂದಿನ ಹೆಜ್ಜೆ ಇಡುತ್ತದೆ. ಕಾರ್ಖಾನೆಗಳಲ್ಲಿ ಈ ಉಪಾಯ ಇಂದಿಗೂ ಬಳಕೆಯಲ್ಲಿದೆ.

ಟೊಮೆಟೊಗೆ ಆ ಕಡತ ಎಲ್ಲಿದೆ? ನರ್ಸರಿಯಲ್ಲಿದೆ. ಕೋಲಾರ, ಚಿಕ್ಕಬಳ್ಳಾಪುರದ ರೈತರಲ್ಲಿ ಹೆಚ್ಚಿನವರು ಈಗ ಬೀಜ ಚೆಲ್ಲುವುದಿಲ್ಲ, ನರ್ಸರಿಯಿಂದ ಸಸಿ ತರುತ್ತಾರೆ. ಅಲ್ಲಿ ಪ್ಲಾಸ್ಟಿಕ್ ತಟ್ಟೆಗೆ ತೊಂಬತ್ತೆಂಟು ಗುಣಿ, ಗುಣಿಗೆ ಒಂದು ಸಸಿ. ಯಾರಿಗೆ ಎಷ್ಟು ತಟ್ಟೆ ಎಂದು ಪುಸ್ತಕದಲ್ಲಿ ಬರೆದಿರುತ್ತಾರೆ. ಈ ವಾರ ಎಷ್ಟು ತಟ್ಟೆ ಹೊರಟವು ಎಂದು ಗೊತ್ತಾದರೆ ಎರಡು ಎರಡೂವರೆ ತಿಂಗಳ ನಂತರ ಮಾರುಕಟ್ಟೆಗೆ ಏನು ಬರುತ್ತದೆ ಎಂಬುದು ಬಹುಪಾಲು ಗೊತ್ತಾದಂತೆಯೇ. ಬಾನುಲಿಯಲ್ಲಿ ಪೇಟೆ ಧಾರಣೆ ಕೇಳಿಕೊಂಡು ಬೆಳೆದವನು ನಾನು. ಅದು ಮಾಪಕದ ಇವತ್ತಿನ ಅಂಕಿ. ಅದರ ಪಕ್ಕದಲ್ಲೇ ಸಸಿ ಧಾರಣೆಯೂ ಬರಬೇಕು ಎಂಬುದು ನನ್ನ ಬೇಡಿಕೆ: ತೋಟಗಾರಿಕೆ ಇಲಾಖೆ ನರ್ಸರಿಗಳಿಂದ ವಾರಕ್ಕೊಮ್ಮೆ ತಟ್ಟೆಯ ಲೆಕ್ಕ ಪಡೆಯಲಿ, ನೆರೆಯ ಆಂಧ್ರದ ಮದನಪಲ್ಲಿಯ ಲೆಕ್ಕವನ್ನೂ ಕೇಳಿ ಸೇರಿಸಲಿ, ಪ್ರತಿ ಶನಿವಾರ ಓದಿ ಹೇಳಲಿ. 2018ರ ಕೇಂದ್ರ ಬಜೆಟ್ಟಿನಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆಯ ಏರಿಳಿತ ತಡೆಯಲೆಂದೇ 500 ಕೋಟಿ ರೂಪಾಯಿಯ ಯೋಜನೆ ಸಾರಿದ್ದರು. ಸಸಿ ಎಣಿಸುವುದಕ್ಕೆ ಅದರ ಸಣ್ಣ ಚೂರೂ ಬೇಕಾಗದು.

"ಎಲ್ಲರೂ ಒಂದೇ ಅಂಕಿ ಕೇಳಿ ಎಲ್ಲರೂ ನಾಟಿ ನಿಲ್ಲಿಸಿದರೆ?" ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ವರ್ಷಕ್ಕೊಮ್ಮೆ ಹೇಳಿದರೆ ಹಾಗೆಯೇ ಆಗುತ್ತದೆ. ವಾರ ವಾರವೂ ಹೇಳಿದರೆ ಈ ವಾರ ಹಿಂಜರಿದವರು ಮುಂದಿನ ವಾರ ಕಡಿಮೆ ಅಂಕಿ ಕೇಳಿ ನಾಟಿಗೆ ಹೊರಡುತ್ತಾರೆ. ತಿದ್ದುಪಡಿ ಸಣ್ಣದಾಗಿ, ಮೇಲಿಂದ ಮೇಲೆ ಆಗಬೇಕು. ಸ್ಮಿತ್ ಅವರ ವಿಧಾನಕ್ಕೂ ಒಂದು ದೌರ್ಬಲ್ಯವಿದೆ, ಕಡತ ತಪ್ಪಿದರೆ ನಿಯಂತ್ರಣವೂ ತಪ್ಪುತ್ತದೆ. ಬಿಂಗಿ ರೋಗ ಬಂದು ಅರ್ಧ ಗಿಡ ಹೋದರೆ ಸಸಿಯ ಲೆಕ್ಕ ಸುಳ್ಳಾಗುತ್ತದೆ. ಆದ್ದರಿಂದ ಹೊಲ ನೋಡಿ ಬಂದವರ ವರದಿಯೂ ಆ ಅಂಕಿಗೆ ಸೇರಬೇಕು.

ಅಂದು ತಮ್ಮನಿಗೆ ನಾನು ಎರಡೂವರೆ ಸಾವಿರ ಸಸಿ ಸಾಕು ಎಂದೆ. ಅವನು ಮನಸ್ಸಿಲ್ಲದೆ ಒಪ್ಪಿದ. ಸೆಪ್ಟೆಂಬರ್ ಕೊನೆಯಲ್ಲಿ ಅವನ ಜೊತೆ ಮಾರುಕಟ್ಟೆಗೆ ಹೋದೆ. ಬೆಳಗಿನ ಹರಾಜು. ಬಾಕ್ಸುಗಳ ಗೋಡೆಗಳ ನಡುವೆ ಒಬ್ಬರು ಹೋಗುವಷ್ಟು ಸಂದು. ಹರಾಜುದಾರ ನಮ್ಮ ಸಾಲಿನ ಮುಂದೆ ಬಂದು ಒಂದು ಬಾಕ್ಸಿನೊಳಗೆ ಕೈ ಹಾಕಿ, ಅಡಿಯ ಹಣ್ಣು ಮೇಲೆ ತಂದು ನೋಡಿ ಬೆಲೆ ಕೂಗಿದ. ಕೊಯ್ದವರ ಕೂಲಿ, ಗಾಡಿ ಬಾಡಿಗೆ ಕಳೆದರೆ ಉಳಿಯುವುದೇನೂ ಇರಲಿಲ್ಲ. ತಮ್ಮ ಚೀಟಿ ಮಡಿಸಿ ಜೇಬಿಗಿಟ್ಟುಕೊಂಡ. ಎರಡು ಸಾಲು ಆಚೆ ಅವನ ಪಕ್ಕದೂರಿನವರೊಬ್ಬರು ಗಾಡಿಯಿಂದ ಬಾಕ್ಸ್ ಇಳಿಸುವುದೋ ಬೇಡವೋ ಎಂದು ನಿಂತಿದ್ದರು.

ಆಮೇಲೆ ಅವನು ಒಂದು ಅಭ್ಯಾಸ ಮಾಡಿಕೊಂಡಿದ್ದಾನೆ. ಪ್ರತಿ ನಾಟಿಗೂ ಮೊದಲು ಸುತ್ತಲಿನ ಮೂರು ನರ್ಸರಿಗಳಿಗೆ ಬೈಕಿನಲ್ಲಿ ಹೋಗಿ, ನೆರಳು ಪರದೆಯ ಕೆಳಗೆ ನಿಂತು, ಖಾಲಿಯಾದ ತಟ್ಟೆಗಳ ಅಟ್ಟಿಗಳನ್ನು ಎಣಿಸುತ್ತಾನೆ. ಕಳೆದ ವಾರ ಹೋದಾಗ ನನಗೂ ಫೋನ್ ಮಾಡಿದ. "ಅಣ್ಣ, ನಾನೂರ ಇಪ್ಪತ್ತು ತಟ್ಟೆ ಹೋಗಿವೆ, ಹೋದ ವಾರಕ್ಕಿಂತ ಕಡಿಮೆ. ಬರೆದುಕೋ" ಎಂದ. ಬರೆದುಕೊಂಡೆ.

ನಮಸ್ಕಾರ.