ಇಟ್ಟಿಗೆ ಗೂಡಿನ ಪಕ್ಕ ಹನ್ನೆರಡು ದಿನ

ಎಲ್ಲರಿಗೂ ನಮಸ್ಕಾರ. ನಾನು ಗಾರೆ ಮೇಸ್ತ್ರಿ. ನಲವತ್ತು ವರ್ಷದಿಂದ ಹಾಸನದ ಸುತ್ತಮುತ್ತ ಮನೆ ಕಟ್ಟಿಕೊಂಡು ಬಂದಿದ್ದೇನೆ. ಅಂದ್ರೆ ಬೇರೆಯವರ ಮನೆ. ನಮ್ಮ ಮನೆಯ ಹಿಂದಿನ ಗೋಡೆಗೆ ಇನ್ನೂ ಪ್ಲಾಸ್ಟರಿಂಗ್ ಆಗಿಲ್ಲ. ಮನೆಯವಳು ರೇಡಿಯೋದಲ್ಲಿ ನನ್ನ ಈ ಮಾತು ಕೇಳುತ್ತಾ ಕೂತಿರುತ್ತಾಳೆ, ಆ ವಿಷಯ ಈಗ ಬೇಡ.

ಕಳೆದ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ, ನಮ್ಮ ಧರ್ಮಕೇಂದ್ರದಿಂದ, ಅಂದ್ರೆ ನಮ್ಮ ಚರ್ಚಿನಿಂದ, ಹನ್ನೊಂದು ಜನ ನೇಪಾಳಕ್ಕೆ ಹೋಗಿದ್ದೆವು. ಸೇವೆಗೆ ಅಂತ. ಒಬ್ಬರು ಫಾದರ್, ಏಳು ಜನ ಕಾಲೇಜು ಹುಡುಗ ಹುಡುಗಿಯರು, ಇಬ್ಬರು ಅಕ್ಕಂದಿರು, ಜೊತೆಗೆ ನಾನು. ನನ್ನನ್ನು ಯಾಕೆ ಕರೆದರು ಅಂದ್ರೆ, ಕಟ್ಮಂಡು ಕಣಿವೆಯಲ್ಲಿ ಭಕ್ತಪುರದ ಕಡೆ ಇಟ್ಟಿಗೆ ಗೂಡುಗಳಿವೆ, ಅಲ್ಲಿ ದುಡಿಯುವವರ ಮಕ್ಕಳಿಗೆ ಸಿಸ್ಟರ್‌ಗಳು ಒಂದು ಕೋಣೆ ಕಟ್ಟಿಸುತ್ತಿದ್ದರು, ನಮ್ಮ ಹುಡುಗರು ಗೋಡೆ ಕಟ್ಟುತ್ತಾರೆ, ಅದನ್ನು ನೋಡಿಕೊಳ್ಳೋಕೆ ಕೆಲಸ ಗೊತ್ತಿರುವ ಒಬ್ಬ ಬೇಕು ಅಂತ.

ಹೊರಡುವಾಗಲೇ ಒಂದು ಫಜೀತಿ. ನನಗೆ ಪಾಸ್‌ಪೋರ್ಟ್ ಇಲ್ಲ. ನೇಪಾಳಕ್ಕೆ ಹೋಗೋಕೆ ನಮಗೆ ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲದಿದ್ದರೆ ಮತದಾರರ ಗುರುತಿನ ಚೀಟಿ ಆದ್ರೂ ನಡೆಯುತ್ತದೆ. ನಾನು ಆಧಾರ್ ಕಾರ್ಡ್ ಜೇಬಿಗೆ ಹಾಕಿಕೊಂಡು ಜಂಬದಲ್ಲಿ ಹೊರಟಿದ್ದೆ. ನನ್ನ ವಯಸ್ಸಿನವರಿಗೆ ಅದು ಆಗಲ್ಲವಂತೆ. ಚನ್ನರಾಯಪಟ್ಟಣ ದಾಟಿದ ಮೇಲೆ ಗೊತ್ತಾಯಿತು. ನನ್ನ ಮಗ ಬೈಕಿನಲ್ಲಿ ಓಟರ್ ಕಾರ್ಡ್ ಹಿಡಿದುಕೊಂಡು ಬೆಂಗಳೂರಿನವರೆಗೆ ಬಂದ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ಯಾಕೆಂದ್ರೆ ಟೀ ಅಂಗಡಿಯಲ್ಲಿ ಎಲ್ಲರೂ ಕೇಳುವುದು ಇದನ್ನೇ. ‘ಏನ್ ಮೇಸ್ತ್ರಿ, ಮತಾಂತರ ಮಾಡಿಸೋಕೆ ಹೋಗಿದ್ರಾ?’ ಇಲ್ಲಪ್ಪ. ನೇಪಾಳದಲ್ಲಿ ಅದು ಅಪರಾಧ. 2015ರ ಅವರ ಸಂವಿಧಾನದಲ್ಲೇ ಬರೆದಿದೆ, ಆಮೇಲೆ ಬಂದ ಕಾನೂನಿನಲ್ಲಿ ಐದು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ ಇದೆ. ನಮ್ಮ ಹುಡುಗನೊಬ್ಬ ಬೈಬಲ್ ವಾಕ್ಯ ಅಚ್ಚು ಹಾಕಿಸಿದ ಒಂದು ಕಟ್ಟು ಕಾರ್ಡು ತಂದಿದ್ದ, ಫಾದರ್ ಅದನ್ನು ಹಾಸನದಲ್ಲೇ ಇಳಿಸಿದರು. ಅಲ್ಲಿ ಕ್ರೈಸ್ತರೂ ಕಡಿಮೆ, 2021ರ ಜನಗಣತಿಯಲ್ಲಿ ಶೇಕಡಾ 1.76. ಅವರು ಪೂಜೆಗೆ ಸೇರುವುದು ಶನಿವಾರ, ಯಾಕೆಂದ್ರೆ ಅಲ್ಲಿ ವಾರದ ರಜೆಯೇ ಶನಿವಾರ. ಮೊದಲ ಶನಿವಾರವೇ ನಾನು ತಡವಾಗಿ ಹೋದೆ. ಹುಡುಗರ ಮೊಬೈಲು ತಾನಾಗೇ ಸಮಯ ಸರಿ ಮಾಡಿಕೊಂಡಿತ್ತು, ನನ್ನ ಎಚ್‌ಎಂಟಿ ವಾಚು ಮಾತ್ರ ಹಾಸನದ ಟೈಮಿನಲ್ಲೇ ಓಡುತ್ತಿತ್ತು. ಅವರ ಗಡಿಯಾರ ನಮಗಿಂತ ಹದಿನೈದು ನಿಮಿಷ ಮುಂದೆ. ಅದೇನು ಲೆಕ್ಕವೋ, ಅರ್ಧ ಗಂಟೆಯೂ ಅಲ್ಲ.

ಮತಾಂತರದ ಮಾತು ಬಂದಾಗ ನನಗೆ ಅಬ್ಬೆ ದುಬೋಯ್ ನೆನಪಾಗುತ್ತಾರೆ. ನಮ್ಮ ಹಿರಿಯರ ಬಾಯಲ್ಲಿ ಅವರು ದೊಡ್ಡಸ್ವಾಮಿಯವರು. ಫ್ರಾನ್ಸಿನಿಂದ ಬಂದ ಪಾದ್ರಿ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ನಮ್ಮ ಸಾತಳ್ಳಿ ಕಡೆ ಬಡವರಿಗೆ ವ್ಯವಸಾಯದ ನೆಲೆ ಮಾಡಿಕೊಟ್ಟವರು. ಸಿಡುಬಿಗೆ ದಾಕು ಹಾಕಿಸಿದವರು. ಆ ಮನುಷ್ಯ 1823ರಲ್ಲಿ ವಾಪಸ್ ಹೋದರು, ಅದೇ ವರ್ಷ ಅಚ್ಚಾದ ಪುಸ್ತಕದಲ್ಲಿ ಏನು ಬರೆದರು ಗೊತ್ತಾ? ಈ ದೇಶದಲ್ಲಿ ಮತಾಂತರದ ಕೆಲಸ ಫಲ ಕೊಡುವುದಿಲ್ಲ ಅಂತ ಬರೆದರು. ಮೂವತ್ತು ವರ್ಷ ದುಡಿದವರ ಬಾಯಲ್ಲಿ ಈ ಮಾತು. ಅವರು ಕೊಟ್ಟ ಉಪದೇಶ ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ, ದಾಕು ಹಾಕಿಸಿದ್ದು ಮಾತ್ರ ನಮ್ಮಜ್ಜಿ ತನ್ನ ಅಜ್ಜಿಯ ಕಥೆ ಅಂತ ಹೇಳುತ್ತಿದ್ದಳು.

ಸರಿ, ಗೂಡಿಗೆ ಬರೋಣ.

ನಾನು ಇಷ್ಟು ವರ್ಷದಲ್ಲಿ ಎಷ್ಟು ಲಕ್ಷ ಇಟ್ಟಿಗೆ ಜೋಡಿಸಿದ್ದೇನೋ ಲೆಕ್ಕ ಇಲ್ಲ. ಎರಡು ಇಟ್ಟಿಗೆ ತಗೊಂಡು ಒಂದಕ್ಕೊಂದು ತಟ್ಟಿದರೆ ಟಣ್ ಅನ್ನಬೇಕು, ಡಬ್ ಅಂದ್ರೆ ಬೆಂದಿಲ್ಲ. ಲಾರಿಯವನ ಹತ್ತಿರ ಸಾವಿರಕ್ಕೆ ಇನ್ನೂರು ಇಳಿಸು ಅಂತ ಚೌಕಾಶಿ. ಅಲ್ಲಿಗೆ ನನ್ನ ಇಟ್ಟಿಗೆ ಜ್ಞಾನ ಮುಗಿಯಿತು. ಅದನ್ನು ಕೊಯ್ಯುವವರ, ಅಂದ್ರೆ ಹಸಿ ಮಣ್ಣನ್ನು ಅಚ್ಚಿಗೆ ಹಾಕಿ ಇಟ್ಟಿಗೆ ಮಾಡುವವರ, ಗುಡಿಸಲೊಳಗೆ ನಾನು ಮೊದಲ ಸಲ ಹೋದದ್ದು ಭಕ್ತಪುರದಲ್ಲಿ, ಅದೂ ತಲೆ ತಗ್ಗಿಸಿ, ಹೆಚ್ಚು ಕಡಿಮೆ ತೆವಳಿಕೊಂಡು. ಆ ಗುಡಿಸಲಿಗೆ ಗಾರೆ ಇಲ್ಲ, ಮಣ್ಣೂ ಇಲ್ಲ. ಸುಮ್ನೆ ಇಟ್ಟಿಗೆ ಮೇಲೆ ಇಟ್ಟಿಗೆ ಪೇರಿಸಿ ಮೇಲೆ ತಗಡು ಹೊದಿಸಿ, ತಗಡು ಹಾರದ ಹಾಗೆ ಮತ್ತೆ ಇಟ್ಟಿಗೆ ಹೇರಿದ್ದಾರೆ. ಸೀಸನ್ ಮುಗಿದ ಮೇಲೆ ಗುಡಿಸಲು ಬಿಚ್ಚಿದರೆ ಆ ಇಟ್ಟಿಗೆಯೂ ಮಾಲೀಕನದೇ. 2015ರಲ್ಲಿ ಭೂಕಂಪ ಆಗಿ ಹತ್ತಿರ ಹತ್ತಿರ ಒಂಬತ್ತು ಸಾವಿರ ಜನ ಸತ್ತ ದೇಶ ಅದು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಗಾರೆಯವನಿಗೆ ಗೋಡೆ ನೋಡಿದ ಕೂಡಲೇ ಅದು ಯಾವ ಕಡೆಗೆ ಬೀಳುತ್ತದೆ ಅಂತ ಕಾಣುತ್ತದೆ.

ಚಳಿಗಾಲ ಶುರುವಾಗುವಾಗ ಬಂದರೆ ಮಳೆ ಹಿಡಿಯುವವರೆಗೆ ಇಲ್ಲೇ. ರೋಲ್ಪಾ ಅಂತ ದೂರದ ಬೆಟ್ಟದ ಜಿಲ್ಲೆಯಿಂದ ಬಂದ ಒಂದು ಕುಟುಂಬದ ಜೊತೆ ನನಗೆ ಬಳಕೆ ಆಯಿತು. ಗಂಡ, ಹೆಂಡತಿ, ಮೂರು ಮಕ್ಕಳು. ಮಾತಾಡಿದ್ದು ಹಿಂದಿಯಲ್ಲಿ, ಸೈಟಿನಲ್ಲಿ ಬಿಹಾರದ ಹುಡುಗರ ಹತ್ತಿರ ಕಲಿತ ಹಿಂದಿ. ಮಕ್ಕಳು ನನ್ನನ್ನು ‘ಬಾಜೆ’ ಅಂತ ಕರೆದವು. ಬಾಜೆ ಅಂದ್ರೆ ಅಜ್ಜ ಅಂತೆ. ಮಳೆಗಾಲದಲ್ಲಿ ಊರಲ್ಲಿ ಕೈ ಖಾಲಿ ಇರುವಾಗ ‘ನಾಯ್ಕೆ’ ಅನ್ನುವ ಮೇಸ್ತ್ರಿ ಬಂದು ಮುಂಗಡ ಕೊಡುತ್ತಾನೆ. ಆ ಮುಂಗಡ ತೀರುವವರೆಗೆ ಇಲ್ಲಿ ಕೊಯ್ಯಬೇಕು. ತೀರದಿದ್ದರೆ ಮುಂದಿನ ವರ್ಷದ ಲೆಕ್ಕಕ್ಕೆ ಸೇರುತ್ತದೆ. ಇದು ನಮಗೆ ಹೊಸದೇನಲ್ಲ ಬಿಡಿ, ಸಕಲೇಶಪುರ, ಮೂಡಿಗೆರೆ ಕಡೆ ತೋಟದ ಲೈನ್ ಮನೆಗಳಲ್ಲಿ ಬೆಳೆದವರಿಗೆ ಮುಂಗಡ ಅನ್ನುವ ಪದದ ರುಚಿ ಗೊತ್ತು.

ಹಸಿ ಇಟ್ಟಿಗೆ ಒಂದು ಸುಮಾರು ಮೂರು ಕಿಲೋ ತೂಗುತ್ತದೆ. ದಿನಕ್ಕೆ ಸಾವಿರ ಕೊಯ್ದರೆ ಮೂರು ಟನ್ ಮಣ್ಣು ಕೈಯಲ್ಲಿ ಹಾದು ಹೋಯಿತು ಅಂತ. ಆ ತಾಯಿ ಕುಕ್ಕರಗಾಲಿನಲ್ಲಿ ಕೂತು, ಮಣ್ಣಿನ ಮುದ್ದೆಯನ್ನು ಮರಳಲ್ಲಿ ಹೊರಳಿಸಿ, ಮರದ ಅಚ್ಚಿಗೆ ಎತ್ತಿ ಹಾಕಿ, ತಂತಿಯಲ್ಲಿ ಮೇಲಿನದು ಸವರಿ, ಮಗುಚಿ, ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಮತ್ತೆ ಮುದ್ದೆ. ಎಂಟು ವರ್ಷದ ಹುಡುಗಿ ಒಣಗಿದ್ದನ್ನು ಮಗ್ಗುಲು ತಿರುಗಿಸುತ್ತಾ ಬರುತ್ತಿತ್ತು. ಆ ಹುಡುಗಿ ಊರಿನ ಶಾಲೆಯಲ್ಲಿ ಹೆಸರಿದ್ದವಳೇ. ಆದರೆ ಅಲ್ಲಿ ಹೊಸ ತರಗತಿ ಶುರುವಾಗುವುದು ಏಪ್ರಿಲ್ ಮಧ್ಯದಲ್ಲಿ, ಪರೀಕ್ಷೆ ನಡೆಯುವಾಗ ಇವರೆಲ್ಲ ಗೂಡಿನಲ್ಲಿ. ಹಾಗಾಗಿ ಎರಡನೇ ವರ್ಷವೂ ಅದೇ ಕ್ಲಾಸು.

ಗೂಡಿನ ಮೇಲೆ ಬೆಂಕಿ ನೋಡಿಕೊಳ್ಳುವವರು ಯಾರು ಅಂದುಕೊಂಡಿರಿ? ಉತ್ತರ ಪ್ರದೇಶದವರು. ಕಾಲಿಗೆ ಮರದ ಹಾವುಗೆ, ಯಾಕೆಂದ್ರೆ ಕೆಳಗೆ ಬೆಂಕಿ, ರಬ್ಬರ್ ಚಪ್ಪಲಿ ಕರಗುತ್ತದೆ. ಹಗಲು ರಾತ್ರಿ ಸರದಿಯಲ್ಲಿ ಮುಚ್ಚಳ ತೆಗೆದು ಕಲ್ಲಿದ್ದಲು ಸುರಿಯುತ್ತಾರೆ, ಸೀಸನ್ ಪೂರ್ತಿ ಆ ಬೆಂಕಿ ಆರುವಂತಿಲ್ಲ. ವಿದೇಶದ ಬಡವರ ಸೇವೆ ಅಂತ ವಿಮಾನ ಹತ್ತಿ ಹೋದ ನಮಗೆ ‘ಕಹಾಂ ಸೇ ಆಯೇ ಹೋ ಚಾಚಾ?’ ಅಂತ ಕೇಳಿದ್ದು ನಮ್ಮ ದೇಶದವನೇ.

ಈಗ ನಮ್ಮ ಸೇವೆಯ ಕಥೆ. ನಾವು ಎರಡು ಮೂಟೆ ಸ್ವೆಟರ್, ಬಟ್ಟೆ ಒಯ್ದಿದ್ದೆವು. ವಿಮಾನದಲ್ಲಿ ತೂಕ ಜಾಸ್ತಿ ಆಗಿ ದಂಡ ಕಟ್ಟಿದ್ದು ಬೇರೆ. ಅಲ್ಲಿನ ಸಿಸ್ಟರ್ ನಗುತ್ತಾ ಒಂದು ಬೀರು ತೆಗೆದು ತೋರಿಸಿದರು. ಮೇಲಿನಿಂದ ಕೆಳಗಿನವರೆಗೆ ಸ್ವೆಟರ್. ಬರುವ ಪ್ರತಿ ತಂಡವೂ ಅದನ್ನೇ ತರುತ್ತದಂತೆ.

ಆಮೇಲೆ ಗೋಡೆ. ಹುಡುಗರು ಮೂರು ದಿನ ಬೆವರು ಸುರಿಸಿ ಕಟ್ಟಿದರು. ನಾನು ದಾರ ಕಟ್ಟಿಕೊಟ್ಟೆ, ಗೋಡೆ ನೆಟ್ಟಗಿದೆಯಾ ಅಂತ ನೋಡುವ ತೂಕದ ಗುಂಡು ಬಿಟ್ಟು ತೋರಿಸಿದೆ. ಆದರೂ ಕರಣೆ ಹಿಡಿದು ಮೂರು ದಿನ ಆದವರ ಗೋಡೆ ಹೇಗಿರುತ್ತದೋ ಹಾಗೇ ಇತ್ತು, ಹೊಟ್ಟೆ ಬಂದಿತ್ತು. ಸಂಜೆ ಎಲ್ಲರೂ ಹೋದ ಮೇಲೆ ನಾನು ಕರಣೆ ಮರೆತು ವಾಪಸ್ ಬಂದೆ ನೋಡಿ. ಅಲ್ಲಿನ ಗಾರೆಯವನು, ಡಕರ್ಮಿ ಅಂತಾರೆ ಅವರ ಭಾಷೆಯಲ್ಲಿ, ಮೇಲಿನ ಏಳು ವರಸೆ ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದ. ನನ್ನನ್ನು ನೋಡಿ ತುಟಿ ಮೇಲೆ ಬೆರಳಿಟ್ಟ. ನನಗೆ ನಗು ತಡೆಯೋಕಾಗಲಿಲ್ಲ. ಇಬ್ಬರೂ ಸೇರಿ ಕತ್ತಲಾಗುವವರೆಗೆ ಕಟ್ಟಿದೆವು. ಅವನ ದಿನದ ಕೂಲಿ ಎಷ್ಟು ಅಂತ ಕೇಳಿದೆ. 1,500 ಅಂದ. ಅವರ 160 ರೂಪಾಯಿ ಅಂದ್ರೆ ನಮ್ಮ 100, ಹಾಗೆ ನಮ್ಮ ಲೆಕ್ಕದಲ್ಲಿ 940ರ ಹತ್ತಿರ. ನಮಗೆ ತಲೆಗೆ 35,000 ಖರ್ಚಾಗಿತ್ತು. ಹನ್ನೊಂದು ಜನಕ್ಕೆ 3,85,000. ರಾತ್ರಿ ಮಲಗಿಕೊಂಡು ಭಾಗಿಸಿದೆ. ಆ ಡಕರ್ಮಿಗೆ ನಾಲ್ಕು ನೂರಕ್ಕೂ ಹೆಚ್ಚು ದಿನದ ಕೂಲಿ.

ಇದನ್ನು ಹುಡುಗರಿಗೆ ಹೇಳಬಾರದಿತ್ತೇನೋ. ಹೇಳಿಬಿಟ್ಟೆ. ನರ್ಸಿಂಗ್ ಓದುವ ಒಂದು ಹುಡುಗಿ ಊಟದ ತಟ್ಟೆ ಕೆಳಗಿಟ್ಟು, ‘ಹಾಗಾದ್ರೆ ನಾವು ಬಂದಿದ್ದು ಯಾಕೆ ಅಂಕಲ್?’ ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಫಾದರ್ ಕೂಡ ಸುಮ್ಮನಿದ್ದರು, ಅದು ನನಗೆ ಹಿಡಿಸಿತು. ಮಾರನೇ ದಿನ ಆ ಹುಡುಗಿ ಗೋಡೆ ಕಡೆ ಬರಲಿಲ್ಲ. ನಮ್ಮ ಅಕ್ಕಂದಿರಲ್ಲಿ ಒಬ್ಬರು ತಲೆಗೆ ಅಂತ ತಂದಿದ್ದ ಕೊಬ್ಬರಿ ಎಣ್ಣೆ ಬಾಟ್ಲಿ ತಗೊಂಡು, ಬಿಸಿನೀರು ಕಾಯಿಸಿ, ಹೆಂಗಸರ ಕೈ ತೊಳೆದು ಎಣ್ಣೆ ಹಚ್ಚುತ್ತಾ ಕೂತಳು. ಚಳಿ, ಹಸಿ ಮಣ್ಣು, ಬೆರಳ ಸಂದಿಯಲ್ಲೆಲ್ಲ ರಕ್ತ ಬರುವಷ್ಟು ಬಿರುಕು. ಕೆಲಸದ ಮಧ್ಯೆ ಹತ್ತು ನಿಮಿಷ ಯಾರೂ ಬರಲ್ಲ ಅಂದುಕೊಂಡಿದ್ದೆ. ಸಾಲು ನಿಂತರು.

ಆ ಸಾಲಿನಲ್ಲೇ ಗೊತ್ತಾದದ್ದು, ಅವರಿಗೆ ಮೊದಲು ಬೇಕಾಗಿದ್ದು ಕೋಣೆ ಅಲ್ಲ, ನೀರಿನ ಕಟ್ಟೆ. ನಲ್ಲಿ ಇತ್ತು, ಸುತ್ತ ಕೆಸರು. ಪಾತ್ರೆ, ಬಟ್ಟೆ, ಮಕ್ಕಳ ಮೈ ಎಲ್ಲ ಅದೇ ಕೆಸರಿನಲ್ಲಿ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ನಾನು, ಡಕರ್ಮಿ ಎರಡು ದಿನದಲ್ಲಿ ಕಟ್ಟಿದೆವು. ಇಳಿಜಾರು ಯಾವ ಕಡೆ ಅಂತ ಇಬ್ಬರಿಗೂ ಜಗಳ. ಅವನು ನೇಪಾಳಿಯಲ್ಲಿ ಬೈದ, ನಾನು ಕನ್ನಡದಲ್ಲಿ. ಕೊನೆಗೆ ರೋಲ್ಪಾದ ಹುಡುಗಿ ಒಂದು ಚೊಂಬು ನೀರು ತಂದು ನೆಲದ ಮೇಲೆ ಸುರಿಯಿತು. ನೀರು ಅವನು ಹೇಳಿದ ಕಡೆಗೇ ಹೋಯಿತು.

ಎಂಟನೇ ದಿನ ರಾತ್ರಿ ಅಕಾಲದಲ್ಲಿ ಮಳೆ ಬಂತು. ಗುಡುಗು ಕೇಳಿದ ಕೂಡಲೇ ಗುಡಿಸಲುಗಳಿಂದ ಜನ ಓಡಿ ಬಂದರು, ಗಂಡಸರು, ಹೆಂಗಸರು, ಮಕ್ಕಳು, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಹಾಳೆ. ಹಸಿ ಇಟ್ಟಿಗೆ ನೆಂದರೆ ಲೆಕ್ಕಕ್ಕಿಲ್ಲ, ಮಾಲೀಕನ ನಷ್ಟವಲ್ಲ ಅದು, ಕೊಯ್ದವರದು. ನಾವೂ ಓಡಿದೆವು. ಎಲ್ಲಿ ಹಿಡಿಯಬೇಕು, ಎಲ್ಲಿ ಕಲ್ಲು ಇಡಬೇಕು ಅಂತ ಆ ಎಂಟು ವರ್ಷದ್ದು ನಮಗೆ ಹೇಳುತ್ತಿತ್ತು. ಅರ್ಧ ಗಂಟೆ ಸುರಿದಿರಬಹುದು. ಬೆಳಿಗ್ಗೆ ನೋಡಿದರೆ ಮುಚ್ಚಲಾಗದ ಸಾಲುಗಳು ನೀರು ತಗುಲಿದ ಬೆಲ್ಲದ ಅಚ್ಚಿನ ಹಾಗೆ ಕುಸಿದು ಕೂತಿದ್ದವು. ಆ ತಾಯಿ ಎಣಿಸಿದಳು. ಮೂರು ದಿನದ ಕೆಲಸ. ಅಳಲಿಲ್ಲ, ಬೈಯಲಿಲ್ಲ. ಕುಸಿದದ್ದನ್ನು ಗುದ್ದಲಿಯಲ್ಲಿ ಎಳೆದು ಮತ್ತೆ ಕಲಸೋಕೆ ಶುರು ಮಾಡಿದಳು, ಮಣ್ಣು ಹೇಗೂ ಅದೇ ಅಲ್ವಾ.

ಹೊರಡುವ ದಿನ ಆ ಹುಡುಗಿ ಬೆಂದ ಇಟ್ಟಿಗೆ ಎರಡು ಎತ್ತಿಕೊಂಡು ಬಂದು ನನ್ನ ಕಿವಿ ಹತ್ತಿರ ತಟ್ಟಿ ತೋರಿಸಿತು. ಟಣ್. ನಾನು ತಲೆ ಆಡಿಸಿದೆ, ಒಳ್ಳೇ ಮಾಲು ಅಂತ.

ಊರಿಗೆ ಬಂದು ಹದಿನೈದು ದಿನಕ್ಕೆ ಸೈಟಿಗೆ ಇಟ್ಟಿಗೆ ಲೋಡ್ ಬಂತು. ಡ್ರೈವರ್ ಜೊತೆ ನಾನೂ ಲಾರಿ ಹತ್ತಿ ಗೂಡಿಗೆ ಹೋದೆ. ಹಾಸನದಿಂದ ಮುಕ್ಕಾಲು ಗಂಟೆ ದಾರಿ. ನಲವತ್ತು ವರ್ಷದಲ್ಲಿ ಮೊದಲ ಸಲ. ಹೊರ ಜಿಲ್ಲೆಯವರು, ಹೊರ ರಾಜ್ಯದವರು, ಮಕ್ಕಳು ಮರಿ ಸಮೇತ ಹದಿನಾಲ್ಕು ಸಂಸಾರ. ನೀರು ಎಲ್ಲಿಂದ ತರ್ತೀರಮ್ಮ ಅಂತ ಕೇಳಿದೆ. ಕೈ ತೋರಿಸಿದರು, ಮಣ್ಣು ಕಲಸುವ ಹೊಂಡದ ಪಕ್ಕದ ಪೈಪು. ಅಷ್ಟರಲ್ಲಿ ಮಾಲೀಕರು ಬಂದರು. ‘ಏನ್ ಮೇಸ್ತ್ರಿ, ಆಫೀಸರ್ ತರ ವಿಚಾರಣೆ ಮಾಡ್ತಿದ್ದೀರಲ್ಲ?’ ನಾನು ಒಂದು ಕಟ್ಟೆ ಕಟ್ಟಿಕೊಡ್ತೀನಿ, ಕೂಲಿ ಬೇಡ, ಇಟ್ಟಿಗೆ ಮಾತ್ರ ಕೊಡಿ ಅಂದೆ. ಅವರು ಯೋಚಿಸಿ, ‘ಈಗ ಸೀಸನ್ನು, ಜಾಗ ಇಲ್ಲ, ಮಳೆಗಾಲದಲ್ಲಿ ನೋಡೋಣ’ ಅಂದರು.

ಮಳೆಗಾಲಕ್ಕೆ ಇವರೆಲ್ಲ ಊರಿಗೆ ಹೋಗಿರುತ್ತಾರಲ್ಲ ಅಂದೆ. ಅದಕ್ಕೆ ಅವರು ಫೋನ್ ಬಂತು ಅಂತ ಆ ಕಡೆ ಹೋದರು.

ಈ ಭಾನುವಾರ ಪೂಜೆ ಮುಗಿಸಿಕೊಂಡು ಮತ್ತೆ ಹೋಗುವವನಿದ್ದೇನೆ. ನರ್ಸಿಂಗ್ ಹುಡುಗಿ ತಾನೂ ಬರುತ್ತೇನೆ ಅಂದಿದ್ದಾಳೆ, ಎಣ್ಣೆ ಬಾಟ್ಲಿ ಹಿಡಿದುಕೊಂಡು. ನಮಸ್ಕಾರ.