ಯಾತಕ್ಕೂ ಇರಲಿ ಅಂತ ಬೇರೆ ಇಟ್ಟ ತಟ್ಟೆ

(ಆಶಾ ಕಾರ್ಯಕರ್ತೆಯರು ಮತ್ತು ಸ್ತ್ರೀಶಕ್ತಿ ಸಂಘದ ಸದಸ್ಯೆಯರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಶಾ ಕಾರ್ಯಕರ್ತೆಯರು. ಎಚ್‌ಐವಿ ಹೇಗೆ ಹರಡುತ್ತದೆ ಅಂತ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತೀರಿ. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಒಬ್ಬರು ಚುಚ್ಚಿಕೊಂಡ ಸೂಜಿ, ತಾಯಿಯಿಂದ ಮಗುವಿಗೆ. ಅದನ್ನೇ ಇಲ್ಲಿ ಮತ್ತೆ ಒಪ್ಪಿಸಲು ನಾನು ಬಂದಿಲ್ಲ. ಇಷ್ಟೆಲ್ಲ ಗೊತ್ತಿದ್ದ ಮೇಲೂ ಮನೆಯಲ್ಲಿ ಎಚ್‌ಐವಿ ಇರುವವರ ತಟ್ಟೆ, ಲೋಟ, ಚಾಪೆ ಯಾಕೆ ಬೇರೆ ಆಗುತ್ತವೆ? ನನ್ನ ಮಾತು ಅದರ ಬಗ್ಗೆ.

ಆಪ್ತಸಮಾಲೋಚನೆಗೆ ಬರುವ ಮನೆಯವರು ಈಗ "ಮುಟ್ಟಿದರೆ ಬರುತ್ತೆ" ಅಂತ ಹೇಳುವುದು ಕಡಿಮೆ. "ಬರಲ್ಲ ಅಂತ ಗೊತ್ತು ಮೇಡಂ. ಆದ್ರೂ ಮನೇಲಿ ಚಿಕ್ಕ ಮಕ್ಳಿದ್ದಾವೆ, ಯಾತಕ್ಕೂ ಇರಲಿ ಅಂತ ತಟ್ಟೆ ಬೇರೆ ಇಟ್ಟಿದ್ದೀವಿ" ಅನ್ನುತ್ತಾರೆ. ಹೇಳುವ ಅತ್ತೆ ಕೆಟ್ಟವರಲ್ಲ. ಸೊಸೆಗೆ ಎರಡು ಹೊತ್ತು ಬಿಸಿ ಊಟ ಹಾಕುತ್ತಾರೆ. ತಟ್ಟೆ ಮಾತ್ರ ಹಿತ್ತಲ ಕಡೆ ಗೂಡಿನಲ್ಲಿ. ಗೊತ್ತಿಲ್ಲದವರಿಗೆ ಹೇಳಿಕೊಡಬಹುದು. ಗೊತ್ತಿದ್ದೂ ಒಂದು ಕೈ ಜಾಸ್ತಿ ಎಚ್ಚರಿಕೆ ಅನ್ನುವವರಿಗೆ ಏನು ಹೇಳೋದು?

2018ರ ಕೊನೆಯಲ್ಲಿ ಧಾರವಾಡ ಜಿಲ್ಲೆಯ ಮೊರಬದಲ್ಲಿ ನಡೆದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಊರಿಗೆ ಕುಡಿಯುವ ನೀರು ಕೊಡುವ ಕೆರೆಯಲ್ಲಿ ಒಬ್ಬ ಹೆಣ್ಣುಮಗಳ ಶವ ಸಿಕ್ಕಿತು. ಆಕೆಗೆ ಎಚ್‌ಐವಿ ಇತ್ತಂತೆ ಅಂತ ಸುದ್ದಿ ಹಬ್ಬಿತು. ಜನ ಆ ನೀರು ಮುಟ್ಟಲಿಲ್ಲ. ನೀರಿನಿಂದ ಬರಲ್ಲ ಅಂತ ಅಧಿಕಾರಿಗಳು ಎಷ್ಟು ಹೇಳಿದರೂ ಕೇಳಲಿಲ್ಲ. ಕಡೆಗೆ ಪಂಪು, ಪೈಪು ಹಚ್ಚಿ ಇಡೀ ಕೆರೆ ಖಾಲಿ ಮಾಡಿಸಿದರು. ಅಷ್ಟು ದಿನ ಕುಡಿಯುವ ನೀರಿಗೆ ದೂರದ ಮಲಪ್ರಭಾ ಕಾಲುವೆಗೆ ಹೋಗಿಬಂದರು. ಅದೂ ಬರದ ಸೀಮೆಯಲ್ಲಿ.

ಶವ ಬಿದ್ದ ಕೆರೆಯ ನೀರು ಕುಡಿಯಲು ಹೇಸಿಗೆ ಆಗುವುದು ಸಹಜ. ನನಗೂ ಆಗುತ್ತದೆ. ಆದರೆ ಅಲ್ಲಿ ಹೇಸಿಗೆಗಿಂತ ಎಚ್‌ಐವಿ ಭಯ ದೊಡ್ಡದಾಗಿತ್ತು. ಈ ವೈರಸ್ ನಮ್ಮ ದೇಹದ ಜೀವಂತ ಕಣದೊಳಗೆ ಮಾತ್ರ ಬೆಳೆಯುತ್ತದೆ, ಅದೂ ರೋಗ ತಡೆಯುವ ಕೆಲವು ಬಿಳಿ ರಕ್ತಕಣಗಳಲ್ಲಿ. ಹೊರಗೆ ಬಂದರೆ ಒಂದರಿಂದ ಎರಡಾಗಲು ಅದಕ್ಕೆ ಆಗುವುದಿಲ್ಲ. ವೈರಸ್ಸಿನ ಮೈಮೇಲೆ ಕೊಬ್ಬಿನ ತೆಳು ಪದರ ಇದೆ. ಸೋಪು ತಾಗಿದರೆ ಆ ಪದರ ಒಡೆಯುತ್ತದೆ. ಕೊರೋನಾ ಕಾಲದಲ್ಲಿ ಕೈ ತೊಳೆಯಿರಿ ಅಂತ ನೀವೇ ಮನೆಮನೆಗೆ ಹೇಳಿದ್ದು ಇದೇ ಕಾರಣಕ್ಕೆ ಅಲ್ವಾ? ಒಣಗಿದ ರಕ್ತದಲ್ಲೂ ಕೆಲವು ಗಂಟೆಗಳಲ್ಲಿ ವೈರಸ್ ಬಹುಪಾಲು ನಾಶವಾಗುತ್ತದೆ. ಇಂಥದ್ದು ಕೆರೆ ದಾಟಿ, ಕೊಡ ಸೇರಿ, ಹೊಟ್ಟೆಗೆ ಹೋಗಿ ಸೋಂಕು ತರುವ ಮಾತೇ ಇಲ್ಲ.

ಮೊರಬದ ವಿಷಯದಲ್ಲಿ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಆಕೆಗೆ ಎಚ್‌ಐವಿ ಇತ್ತು ಅಂತ ಊರಿಗೆ ಹೇಳಿದವರು ಯಾರು? ಒಬ್ಬರ ಎಚ್‌ಐವಿ ವಿಚಾರವನ್ನು ಅವರ ಒಪ್ಪಿಗೆ ಇಲ್ಲದೆ ಬಾಯಿಬಿಡಬಾರದು ಅನ್ನುವ 2017ರ ಕಾಯ್ದೆ ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ಕ್ಕೆ. ಆ ಮಾತು ಹೊರಗೆ ಬರದಿದ್ದರೆ ಕೆರೆಗೆ ಬ್ಲೀಚಿಂಗ್ ಪೌಡರ್ ಹಾಕಿ ಮುಗಿಯುತ್ತಿತ್ತೇನೋ.

ಈಗ ತಟ್ಟೆಗೆ ಬರೋಣ. ಮನೆಯೊಳಗೆ ಹರಡುತ್ತದಾ ಅಂತ ವೈದ್ಯರು ಸುಮ್ನೆ ಊಹೆ ಮಾಡಿ ಹೇಳಿದ್ದಲ್ಲ, ಲೆಕ್ಕ ಹಾಕಿ ನೋಡಿದ್ದಾರೆ. ಅಮೆರಿಕದ ನ್ಯೂಯಾರ್ಕಿನಲ್ಲಿ ಬ್ರಾಂಕ್ಸ್ ಅಂತ ಒಂದು ಭಾಗ ಇದೆ. ಅಲ್ಲಿನ ವೈದ್ಯರು 39 ರೋಗಿಗಳ ಮನೆಯಲ್ಲಿ ಒಟ್ಟಿಗೆ ಬಾಳುತ್ತಿದ್ದ 101 ಜನರನ್ನು ಪರೀಕ್ಷೆ ಮಾಡಿದರು. 1986ರಲ್ಲಿ ಅದು ಪ್ರಕಟವಾಯಿತು. ಗಂಡ-ಹೆಂಡತಿ ಸಂಬಂಧದವರನ್ನು ಬಿಟ್ಟು ಉಳಿದವರು: ಮಕ್ಕಳು, ಅಪ್ಪ-ಅಮ್ಮ, ಅಣ್ಣತಮ್ಮಂದಿರು. ಹೆಚ್ಚಿನವರು ಬಡವರು, ಇಕ್ಕಟ್ಟಿನ ಮನೆಗಳು. ಒಂದೇ ಲೋಟ, ಒಂದೇ ತಟ್ಟೆ, ಟವೆಲ್, ಬಾಚಣಿಗೆ, ಹಾಸಿಗೆ, ಪಾಯಿಖಾನೆ. ಕೆಲವು ಮನೆಗಳಲ್ಲಿ ಹಲ್ಲುಜ್ಜುವ ಬ್ರಶ್ ಕೂಡ ಒಂದೇ! ಅಪ್ಪಿಕೊಂಡಿದ್ದಾರೆ, ಮುತ್ತು ಕೊಟ್ಟಿದ್ದಾರೆ, ಸ್ನಾನ ಮಾಡಿಸಿದ್ದಾರೆ.

101 ಜನರಲ್ಲಿ ಸೋಂಕು ಕಂಡದ್ದು ಒಂದೇ ಒಂದು ಮಗುವಿಗೆ. ಅದಕ್ಕೂ ಬಹುಶಃ ಹುಟ್ಟುವಾಗಲೇ ತಾಯಿಯಿಂದ ಬಂದಿದ್ದು ಅಂತ ತೀರ್ಮಾನವಾಯಿತು. ಉಳಿದ 100 ಜನರಲ್ಲಿ ಒಬ್ಬರಿಗೂ ಇಲ್ಲ. ಇನ್ನೊಂದು ಗಮನಿಸಿ. ಆಗ ಈ ರೋಗಕ್ಕೆ ಔಷಧಿಯೇ ಇರಲಿಲ್ಲ, ಮೊದಲ ಔಷಧಿ ಬಂದದ್ದೇ 1987ರಲ್ಲಿ. ಅಂದರೆ ಆ ರೋಗಿಗಳ ರಕ್ತದಲ್ಲಿ ವೈರಸ್‌ಗೆ ತಡೆ ಅನ್ನೋದೇ ಇರಲಿಲ್ಲ. ಆಗಲೇ ಹರಡದಿದ್ದದ್ದು ದಿನಾ ಮಾತ್ರೆ ನುಂಗುವ ನಿಮ್ಮ ಸೊಸೆಯ ಲೋಟದಿಂದ ಹರಡುತ್ತದಾ?

ಜೊಲ್ಲಿನಲ್ಲಿ ಈ ವೈರಸ್ ತೀರಾ ಕಡಿಮೆ, ಅದನ್ನು ತಡೆಯುವ ಪ್ರೊಟೀನ್‌ಗಳೂ ಜೊಲ್ಲಿನಲ್ಲೇ ಇವೆ. ಬೆವರು, ಕಣ್ಣೀರಿನಿಂದ ಹರಡುವುದಿಲ್ಲ. ಇನ್ನು ಸೊಳ್ಳೆ. "ಅವರನ್ನ ಕಚ್ಚಿ ಬಂದು ನಮ್ಮನ್ನ ಕಚ್ಚಿದರೆ?" ಅಂತ ಕೇಳದ ಊರಿಲ್ಲ. ಡೆಂಗಿ ವೈರಸ್ ಸೊಳ್ಳೆಯ ಮೈಯಲ್ಲಿ ಬೆಳೆದು ಅದರ ಜೊಲ್ಲಿಗೆ ಸೇರುತ್ತದೆ. ಎಚ್‌ಐವಿಗೆ ಸೊಳ್ಳೆಯೊಳಗೆ ಬೆಳೆಯಲು ಆಗುವುದಿಲ್ಲ, ಕುಡಿದ ರಕ್ತದ ಜೊತೆ ಜೀರ್ಣವಾಗುತ್ತದೆ. ಸೊಳ್ಳೆ ಕಚ್ಚುವಾಗ ನಮ್ಮೊಳಗೆ ಬಿಡುವುದು ತನ್ನ ಜೊಲ್ಲು, ಹಿಂದಿನವರ ರಕ್ತ ಅಲ್ಲ. ಸೊಳ್ಳೆಯಿಂದ ಬರುವುದಾಗಿದ್ದರೆ ಅಂಗಳದಲ್ಲಿ ಮಲಗುವ ಅಜ್ಜ-ಅಜ್ಜಿಯರಿಗೆಲ್ಲ ಬರಬೇಕಿತ್ತು. ಮಾವಿನ ಜ್ಯೂಸಿಗೆ ಯಾರೋ ಎಚ್‌ಐವಿ ರಕ್ತ ಬೆರೆಸಿದ್ದಾರೆ ಅನ್ನುವ ವಾಟ್ಸಾಪ್ ಸಂದೇಶಕ್ಕೆ ನಾನು ಸಮಯ ಕೊಡುವುದಿಲ್ಲ. ಡಿಲೀಟ್ ಮಾಡಿ.

ಹಾಗಂತ ಮನೆಯಲ್ಲಿ ಏನೂ ನೋಡಿಕೊಳ್ಳಬೇಕಿಲ್ಲ ಅಂತ ಹೇಳುತ್ತಿಲ್ಲ. ಶೇವಿಂಗ್ ಬ್ಲೇಡು, ಬ್ರಶ್ಶು ಯಾರದ್ದನ್ನೂ ಯಾರೂ ಬಳಸಬಾರದು. ಅದು ಎಚ್‌ಐವಿಗಿಂತ ಜಾಸ್ತಿ ಹೆಪಟೈಟಿಸ್ ಬಿ ಕಾಮಾಲೆಗಾಗಿ. ಆ ವೈರಸ್ ದೇಹದ ಹೊರಗೆ ಏಳು ದಿನವಾದರೂ ಬದುಕಬಲ್ಲದು. ತಮಾಷೆ ನೋಡಿ, ಕಾಮಾಲೆ ಬಂದವರ ತಟ್ಟೆಯನ್ನು ಯಾರೂ ಹಿತ್ತಲಿಗೆ ಕಳಿಸುವುದಿಲ್ಲ. ಗಾಯದ ರಕ್ತ ಒರೆಸುವಾಗ ಗ್ಲೌಸ್ ಹಾಕಿ. ಇಲ್ಲದಿದ್ದರೆ ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಳ್ಳಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಮಗುವಿಗೆ ಅನ್ನ ಅಗಿದು ತಿನ್ನಿಸುವ ಅಭ್ಯಾಸ ಬಿಡಿ. ವಸಡಿನಲ್ಲಿ ರಕ್ತ ಬರುತ್ತಿದ್ದಾಗ ಹೀಗೆ ತಿನ್ನಿಸಿ ಮಗುವಿಗೆ ಸೋಂಕು ತಗುಲಿದ ಬೆರಳೆಣಿಕೆಯ ಪ್ರಕರಣ ಅಮೆರಿಕದಲ್ಲಿ ದಾಖಲಾಗಿವೆ. ಆಸ್ಪತ್ರೆಯಲ್ಲಿ ಬಳಸಿದ ಸೂಜಿ ಕೈತಪ್ಪಿ ಚುಚ್ಚಿದರೆ ಕೂಡಲೇ ವೈದ್ಯರಿಗೆ ಹೇಳಿ. 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳುವ ಮಾತ್ರೆ ಇದೆ. ಸೋಂಕಿರುವ ರಕ್ತದ ಸೂಜಿ ನೇರವಾಗಿ ಚುಚ್ಚಿದರೂ ಸೋಂಕು ತಗಲುವುದು ಸಾವಿರಕ್ಕೆ ಸುಮಾರು 3 ಸಲ. ಸೂಜಿಗೇ ಇಷ್ಟು, ಇನ್ನು ತಟ್ಟೆಯದು ಏನು?

ಸರಿ, ಲಾಭ ಇಲ್ಲದಿದ್ದರೆ ಬೇಡ, ತಟ್ಟೆ ಬೇರೆ ಇದ್ದರೆ ನಷ್ಟ ಏನು ಅಂತ ನೀವು ಕೇಳಬಹುದು. ನಷ್ಟ ಇದೆ. ತಟ್ಟೆ ಬೇರೆಯಾದವರಿಗೆ ಕಾಯಿಲೆಯನ್ನೇ ಬಚ್ಚಿಡಬೇಕು ಅನಿಸುತ್ತದೆ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎ.ಆರ್.ಟಿ. ಮಾತ್ರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ. ಬ್ಯಾಗಿನಲ್ಲಿಟ್ಟು ನಡೆದರೆ ಗಲಗಲ ಅನ್ನುತ್ತದೆ. ಆ ಸದ್ದು ಕೇಳಬಾರದು ಅಂತ ಒಳಗೆ ಹತ್ತಿ ತುರುಕುತ್ತಾರೆ. ಚೀಟಿ ಕಿತ್ತು ಹಾಕುತ್ತಾರೆ. ಸಾಸಿವೆ ಡಬ್ಬಿಯಲ್ಲಿ, ಅಕ್ಕಿ ಚೀಲದ ಬುಡದಲ್ಲಿ ಬಚ್ಚಿಡುತ್ತಾರೆ. ತಮ್ಮ ತಾಲ್ಲೂಕಿನಲ್ಲೇ ಸಿಗುವ ಮಾತ್ರೆಗೆ ಬಸ್ಸು ಹಿಡಿದು ಪಕ್ಕದ ಜಿಲ್ಲೆಗೆ ಹೋಗುತ್ತಾರೆ. ಮನೆಗೆ ನೆಂಟರು ಬಂದ ರಾತ್ರಿ ಮಾತ್ರೆ ತಪ್ಪುತ್ತದೆ. ಮದುವೆಗೆ ಹೋದರೆ ಮೂರು ದಿನ ತಪ್ಪುತ್ತದೆ. ಹೀಗೆ ತಪ್ಪುತ್ತಾ ಹೋದರೆ ವೈರಸ್ ಮತ್ತೆ ಏರುತ್ತದೆ, ಮಾತ್ರೆಗೆ ಬಗ್ಗದೆಯೂ ಹೋಗಬಹುದು.

ಅದೇ ಮಾತ್ರೆಯನ್ನು ದಿನಾ ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೆ ಹೆಚ್ಚಿನವರಲ್ಲಿ ಆರು ತಿಂಗಳೊಳಗೆ ರಕ್ತದಲ್ಲಿನ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದು ನಿಂತವರಿಂದ ಲೈಂಗಿಕ ಸಂಪರ್ಕದಲ್ಲೂ ಸೋಂಕು ದಾಟುವುದಿಲ್ಲ. ಯುರೋಪಿನಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ನೂರಾರು ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಕಾಂಡೋಮ್ ಬಳಸದಿದ್ದರೂ ಸಂಗಾತಿಯಿಂದ ದಾಟಿದ ಪ್ರಕರಣ ಒಂದೂ ಇರಲಿಲ್ಲ. ಮನೆಯವರನ್ನು ಕಾಪಾಡುತ್ತಿರುವುದು ಆ ಮಾತ್ರೆ. ತಟ್ಟೆ ಬೇರೆ ಇಟ್ಟವರು ತಮಗೇ ಗೊತ್ತಿಲ್ಲದೆ ಆ ಮಾತ್ರೆಯನ್ನು ಅಕ್ಕಿ ಚೀಲಕ್ಕೆ ತಳ್ಳುತ್ತಿದ್ದಾರೆ.

ಇನ್ನೊಂದು ಮಾತು. ಹೆದರಬೇಕಾದವರು ಯಾರಾದರೂ ಇದ್ದರೆ ಅದು ಎಚ್‌ಐವಿ ಇರುವವರೇ. ರೋಗ ತಡೆಯುವ ಶಕ್ತಿ ಕುಗ್ಗಿದಾಗ ಕ್ಷಯ ಬೇಗ ತಗಲುತ್ತದೆ. ನಿಮ್ಮ ಮಾವನಿಗೆ ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಆ ಮನೆಗೆ ನೀವು ಮಾಡಬಹುದಾದ ಉಪಕಾರ ಅದು.

ಮಕ್ಕಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸೋಂಕಿರುವ 18 ವರ್ಷದೊಳಗಿನವರಿಗೆ ಮನೆಯಲ್ಲಿ ಎಲ್ಲರ ಜೊತೆ ಇರುವ, ಎಲ್ಲವನ್ನೂ ಬಳಸುವ ಹಕ್ಕನ್ನು 2017ರ ಆ ಕಾಯ್ದೆಯೇ ಕೊಟ್ಟಿದೆ. ಶಾಲೆಯಲ್ಲೂ ಭೇದ ಮಾಡುವಂತಿಲ್ಲ. ಅನುಮಾನ ಏನೇ ಇದ್ದರೂ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ, ದುಡ್ಡು ಖರ್ಚಾಗುವುದಿಲ್ಲ.

ಚೀಟಿಯಲ್ಲಿ ಬರೆದುಕೊಟ್ಟ ಪ್ರಶ್ನೆ ತೆಗೆದುಕೊಳ್ಳೋಣ. ಮೊದಲನೆಯದು: "ಒಂದೇ ಟಾಯ್ಲೆಟ್ ಎಲ್ಲರೂ ಬಳಸಬಹುದಾ?" ಧಾರಾಳವಾಗಿ ಬಳಸಬಹುದು. ತೊಳೆಯುವುದು ಯಾರ ಸರದಿ ಅನ್ನುವ ಜಗಳ ಮಾತ್ರ ನೀವೇ ಬಗೆಹರಿಸಿಕೊಳ್ಳಿ, ಅದು ನನ್ನ ಕೈಲಿಲ್ಲ.