ಅಕ್ಕಿಯೋ ದುಡ್ಡೋ ಎನ್ನುವ ಮೊದಲು

ಎಲ್ಲರಿಗೂ ನಮಸ್ಕಾರ.

ಜೂನ್ 20 ವಿಶ್ವ ನಿರಾಶ್ರಿತರ ದಿನ. ಆ ನೆಪದಲ್ಲಿ ಇಷ್ಟು ಜನ ಸೇರಿದ್ದೀರಿ. ಸಿರಿಯಾದವರು ಏಕೆ ಊರು ಬಿಟ್ಟರು, ಮ್ಯಾನ್ಮಾರಿನ ರೋಹಿಂಗ್ಯಾಗಳು ಏಕೆ ನಾಫ್ ನದಿ ದಾಟಿ ಬಾಂಗ್ಲಾದೇಶಕ್ಕೆ ಬಂದರು ಎಂಬುದನ್ನೆಲ್ಲ ನೀವು ಓದಿಕೊಂಡೇ ಬಂದಿದ್ದೀರಿ. ಅದನ್ನು ಮತ್ತೆ ಹೇಳುತ್ತ ಕೂರುವುದಿಲ್ಲ. ಗಡಿ ದಾಟಿ ಪಕ್ಕದ ದೇಶಕ್ಕೆ ಬಂದ ಮೇಲೆ ಒಲೆಯ ಮೇಲೆ ಏನಿರುತ್ತದೆ, ಅದು ಅಲ್ಲಿಗೆ ಹೇಗೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ, ಇವತ್ತಿನ ಮಾತು ಅಷ್ಟಕ್ಕೇ.

ಈ ವಿಷಯ ಎತ್ತಿದಾಗಲೆಲ್ಲ ಬರುವ ಮೊದಲ ಪ್ರಶ್ನೆ, 'ಅಕ್ಕಿ ಕೊಡಬೇಕೋ, ದುಡ್ಡು ಕೊಡಬೇಕೋ?' ಕರ್ನಾಟಕದವರಿಗೆ ಇದು ಹೊಸ ಪ್ರಶ್ನೆಯಲ್ಲ. 2023ರ ಜುಲೈನಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕೆ.ಜಿ. ಅಕ್ಕಿ ಸಿಗದೆ ಹೋದಾಗ ಸರ್ಕಾರ ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಮನೆ ಯಜಮಾನರ ಖಾತೆಗೆ ಹಾಕಿತು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯೇ ಬಂತು. ಆ ನಡುವೆ ಸೊಸೈಟಿ ಮುಂದೆ ಜನ ಏನು ಮಾತಾಡಿಕೊಂಡರು, ನೆನಪಿಸಿಕೊಳ್ಳಿ. ದುಡ್ಡು ಒಳ್ಳೆಯದೋ ಅಕ್ಕಿ ಒಳ್ಳೆಯದೋ ಎಂಬ ತತ್ವ ಯಾರಿಗೂ ಬೇಕಿರಲಿಲ್ಲ. '170 ರೂಪಾಯಿಗೆ ಅಂಗಡಿಯಲ್ಲಿ ಐದು ಕೆ.ಜಿ. ಬರುತ್ತಾ?' ಎಂದು ಕೇಳಿದರು. 'ಹೋದ ತಿಂಗಳದ್ದು ಬಂತಾ?' ಎಂದು ಕೇಳಿದರು. ಎಷ್ಟು, ಯಾವ ತಾರೀಖಿಗೆ. ನನ್ನ ಮಾತೂ ಇಷ್ಟೇ. ಅಕ್ಕಿಯೋ ದುಡ್ಡೋ ಎಂಬುದು ಎರಡನೆಯ ಪ್ರಶ್ನೆ. ಇದನ್ನು ಇವತ್ತು ಮೂರ್ನಾಲ್ಕು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

ಮೊದಲು 'ಎಷ್ಟು' ಎಂಬುದನ್ನು ನೋಡೋಣ. ನಿರಾಶ್ರಿತರ ಪಡಿತರದ ಯೋಜನೆ ಹಾಕುವವರು ಒಬ್ಬರಿಗೆ ದಿನಕ್ಕೆ 2,100 ಕಿಲೋ ಕ್ಯಾಲರಿ ಎಂದು ಹಿಡಿಯುತ್ತಾರೆ. ಅದರಲ್ಲಿ ನೂರಕ್ಕೆ 10ರಿಂದ 12 ಪಾಲು ಪ್ರೋಟೀನಿನಿಂದ, 17 ಪಾಲು ಕೊಬ್ಬಿನಿಂದ ಬರಬೇಕು. ಇದನ್ನು ಧಾನ್ಯಕ್ಕೆ ಇಳಿಸಿದರೆ ಒಂದು ಮಾದರಿ ಪಡಿ ಹೀಗಿರುತ್ತದೆ: ಅಕ್ಕಿ ಅಥವಾ ಹಿಟ್ಟು 400 ಗ್ರಾಂ, ಬೇಳೆ 60, ಎಣ್ಣೆ 25, ವಿಟಮಿನ್ ಬೆರೆಸಿದ ಮೆಕ್ಕೆಜೋಳ-ಸೋಯಾ ಹಿಟ್ಟು 50, ಸಕ್ಕರೆ 15, ಅಯೋಡಿನ್ ಉಪ್ಪು 5. ಆ ಮೆಕ್ಕೆಜೋಳದ ಹಿಟ್ಟು ನಮ್ಮ ಅಂಗನವಾಡಿಯ ಪುಷ್ಟಿ ಪುಡಿಯ ಜಾತಿಯದು. ಉಪ್ಪು ಐದು ಗ್ರಾಂ ಎಂದಾಗ ಮುಂದಿನ ಸಾಲಿನ ಅಮ್ಮಂದಿರು ನಕ್ಕರು. ನಿಜ, ನಮ್ಮ ಉಪ್ಪಿನಕಾಯಿಯ ಲೆಕ್ಕ ಇದರಲ್ಲಿ ಸೇರಿಲ್ಲ.

ಐದು ಜನರ ಮನೆಗೆ ಮೂವತ್ತು ದಿನಕ್ಕೆ ಗುಣಿಸಿ. ಧಾನ್ಯ 60 ಕೆ.ಜಿ., ಬೇಳೆ 9, ಎಣ್ಣೆ 3.75, ಹಿಟ್ಟು 7.5, ಸಕ್ಕರೆ ಎರಡೂಕಾಲು, ಉಪ್ಪು ಮುಕ್ಕಾಲು. ಒಟ್ಟು 83 ಕೆ.ಜಿ. ಮೇಲೆ. ಗಂಡ ಸತ್ತ ಹೆಂಗಸೊಬ್ಬಳು ಕಂಕುಳಲ್ಲಿ ಮಗು ಇಟ್ಟುಕೊಂಡು ಗುಡ್ಡದ ಮೇಲಿನ ಗುಡಿಸಲಿಗೆ 83 ಕೆ.ಜಿ. ಹೊರಬೇಕು. ಅವಳಿಂದ ಆಗುವುದಿಲ್ಲ. ಹಮಾಲಿಗೆ ಕೊಡಲು ಕೈಯಲ್ಲಿ ಕಾಸಿಲ್ಲ, ಅಕ್ಕಿಯಲ್ಲೇ ಕೂಲಿ ಕೊಡುತ್ತಾಳೆ. ಆದ್ದರಿಂದ ಹಂಚುವ ಜಾಗ ಎಷ್ಟು ದೂರ, ತಿಂಗಳಿಗೆ ಒಂದು ಸಲ ಕೊಡುವುದೋ ಎರಡು ಸಲವೋ ಎಂಬುದು ಸಣ್ಣ ಮಾತಲ್ಲ.

ಎಣ್ಣೆಯ ಕಥೆ ಕೇಳಿ. ಎಣ್ಣೆ ನಾಲ್ಕು ಲೀಟರಿನ ಡಬ್ಬಿಯಲ್ಲಿ ಬಂದರೆ ಅದರ ತೂಕ 3.7 ಕೆ.ಜಿ. ಆಸುಪಾಸು. ಐದು ಜನರ ಮನೆಗೆ ಒಂದು ಡಬ್ಬಿ ಸರಿಹೋಯಿತು. ಮೂರು ಜನರ ಮನೆಗೆ? ಸುಮಾರು ಎರಡೂವರೆ ಲೀಟರ್. ಡಬ್ಬಿ ಒಡೆದು ಅಳೆಯಲೇಬೇಕು. ಅಳೆಯುವಾಗ ಚೆಲ್ಲುತ್ತದೆ, ಅಳತೆಪಾತ್ರೆಯ ಗೋಡೆಗೆ ಅಂಟುತ್ತದೆ, ಕೊನೆಯ ಪಾಲಿನವರಿಗೆ ಕಡಿಮೆ ಬೀಳುತ್ತದೆ. ಬೇಳೆ ಅಳೆಯುವ ಡಬ್ಬಿಯೂ ಹಾಗೆಯೇ. ಹೆಸರುಬೇಳೆಗೆ ಗುರುತು ಮಾಡಿದ ಡಬ್ಬಿಯಲ್ಲಿ ಬಟಾಣಿ ಅಳೆದರೆ ತೂಕ ಬೇರೆಯೇ ಬರುತ್ತದೆ. ಅದಕ್ಕೇ ಹಂಚಿಕೆ ಮುಗಿಸಿ ಹೊರಬರುವ ದಾರಿಯಲ್ಲಿ ಒಂದು ತಕ್ಕಡಿ ಇಟ್ಟುಕೊಂಡು ಕೆಲವು ಕುಟುಂಬಗಳ ಚೀಲವನ್ನು ಮತ್ತೆ ತೂಗಿ ನೋಡುವ ಪದ್ಧತಿ ಇದೆ. ತಕ್ಕಡಿ ಬಾಗಿಲಿನ ಹೊರಗಿರಬೇಕು, ಅಳೆಯುವವರ ಪಕ್ಕದಲ್ಲಲ್ಲ. ನ್ಯಾಯಬೆಲೆ ಅಂಗಡಿಯ ತೂಕದ ಅನುಭವ ಇರುವ ನಿಮಗೆ ಕಾರಣ ವಿವರಿಸಬೇಕಿಲ್ಲ.

ಇನ್ನೊಂದು ಲೆಕ್ಕ ಪಡಿಯ ಪಟ್ಟಿಯಲ್ಲಿ ಇರುವುದೇ ಇಲ್ಲ. ಅಕ್ಕಿ ಹಾಗೇ ತಿನ್ನಲಾಗುವುದಿಲ್ಲ, ಬೇಯಬೇಕು. ಇಡೀ ಮೆಕ್ಕೆಜೋಳ ಕೊಟ್ಟರೆ ಬೀಸಬೇಕು. ಪೂರ್ವ ಆಫ್ರಿಕದ ಶಿಬಿರಗಳಲ್ಲಿ ಕಾಳು ಕೊಟ್ಟಾಗ ಗಿರಣಿಯವನ ಕೂಲಿಯೂ ಆ ಕಾಳಿನಿಂದಲೇ ಹೋಗುತ್ತದೆ. ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ 2017ರ ಆಗಸ್ಟ್ 25ರ ನಂತರ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಂದಿಳಿದಾಗ ಅಕ್ಕಿ, ಬೇಳೆ, ಎಣ್ಣೆ ಹಂಚಿದರು. ಸೌದೆ ಎಲ್ಲಿಂದ? ಸುತ್ತಲಿನ ಗುಡ್ಡದ ಕಾಡಿನಿಂದ. ಗುಡ್ಡ ಬೋಳಾಯಿತು. ಮಳೆಗಾಲದಲ್ಲಿ ಮಣ್ಣು ಜಾರಿತು. ಕಾಡಿಗೆ ಹೋದ ಹೆಣ್ಣುಮಕ್ಕಳಿಗೆ ಅಪಾಯ ಎದುರಾಯಿತು, ಕಾಡಿಗೆ ಹೋಗದವರು ಬೇಳೆ ಮಾರಿ ಸೌದೆ ಕೊಂಡರು. 2018ರಿಂದ ಗ್ಯಾಸ್ ಸಿಲಿಂಡರ್ ಕೊಡಲು ಶುರು ಮಾಡಿದ ಮೇಲೆ ಗುಡ್ಡಗಳು ಮತ್ತೆ ಹಸಿರಾಗತೊಡಗಿದವು. ಪಡಿ ಮಾರಿಕೊಳ್ಳುವುದನ್ನು ಕಂಡರೆ ಹೊರಗಿನವರು 'ಇವರಿಗೆ ಹೆಚ್ಚಾಗಿದೆ' ಅನ್ನುತ್ತಾರೆ. ಹೆಚ್ಚಾಗಿ ಮಾರುವುದಲ್ಲ ಅದು. ಪಟ್ಟಿಯಲ್ಲಿ ಇಲ್ಲದ ಸೌದೆ, ಔಷಧಿ, ಸೋಪು, ಒಣಮೀನು, ಮೆಣಸಿನಕಾಯಿ ಇವುಗಳಿಗಾಗಿ ಮಾರುವುದು. ಮಾರುವವರಿಗೆ ಅಂಗಡಿಯ ಬೆಲೆ ಸಿಗುವುದೂ ಇಲ್ಲ. ಪ್ರತಿ ಮಾರಾಟದಲ್ಲೂ ದಾನ ಕೊಟ್ಟವರ ದುಡ್ಡಿನ ಒಂದು ಪಾಲು ದಲ್ಲಾಳಿಗೆ ಹೋಗುತ್ತದೆ.

ಇಲ್ಲಿಂದಲೇ ಕಾರ್ಡು ಹುಟ್ಟಿದ್ದು. ಕಾಕ್ಸ್ ಬಜಾರ್‌ನಲ್ಲಿ ಕೈಗೆ ನಗದು ಕೊಡುವುದಕ್ಕೆ ಅಲ್ಲಿನ ಸರ್ಕಾರದ ಒಪ್ಪಿಗೆ ಇರಲಿಲ್ಲ. ಆದ್ದರಿಂದ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ ಕಾರ್ಡಿಗೆ ತಿಂಗಳ ಮೊತ್ತ ತುಂಬಿತು, ಶಿಬಿರದೊಳಗೆ ಗೊತ್ತುಮಾಡಿದ ಅಂಗಡಿಗಳಲ್ಲಿ ಜನರೇ ಆರಿಸಿಕೊಳ್ಳುವಂತೆ ಮಾಡಿತು. ಅಕ್ಕಿಯ ಜೊತೆ ಮೊಟ್ಟೆ, ಈರುಳ್ಳಿ, ಒಣಮೀನು, ತರಕಾರಿ. ನಮ್ಮ ಕರಾವಳಿಯವರು ಪಡಿತರದಲ್ಲಿ ಕುಚ್ಚಲಕ್ಕಿಯೇ ಬೇಕು ಎಂದು ಎಷ್ಟು ವರ್ಷದಿಂದ ಕೇಳುತ್ತಿದ್ದಾರೆ! ಹಸಿದವರಿಗೆ ರುಚಿ ಯಾಕೆ ಎನ್ನುವವರು ಒಂದು ವಾರ ಬೇರೆಯವರ ಅಕ್ಕಿ ಉಂಡು ನೋಡಲಿ.

ಕಾರ್ಡಿನ ತೊಂದರೆಗಳೂ ಇವೆ. ಗೊತ್ತುಮಾಡಿದ ಅಂಗಡಿ ಒಂದೇ ಇದ್ದರೆ ಅಂಗಡಿಯವನು ಹೇಳಿದ್ದೇ ಬೆಲೆ. ಪ್ರತಿ ಪ್ರದೇಶದಲ್ಲಿ ಎರಡಾದರೂ ಅಂಗಡಿ, ಬಾಗಿಲಲ್ಲಿ ದೊಡ್ಡಕ್ಷರದ ಬೆಲೆಪಟ್ಟಿ, ಹೊರಗಿನ ಸಂತೆಯ ಬೆಲೆಯೊಂದಿಗೆ ಪ್ರತಿ ವಾರ ಹೋಲಿಕೆ, ಇವು ಇಲ್ಲದೆ ಕಾರ್ಡು ಶುರು ಮಾಡಬಾರದು. ಜೋರ್ಡಾನಿನಲ್ಲಿ ಸಿರಿಯನ್ನರಿರುವ ಜಾತಾರಿ ಶಿಬಿರದಲ್ಲಿ 2014ರ ಜನವರಿಯಲ್ಲಿ ಎರಡು ಸೂಪರ್ ಮಾರ್ಕೆಟ್ ತೆರೆದಾಗ ಒಂದಲ್ಲ, ಎರಡು ಎಂಬುದೇ ಮುಖ್ಯ. ಕೆನ್ಯಾದ ಕಾಕುಮಾ ಶಿಬಿರದಲ್ಲಿ 2015ರಲ್ಲಿ ಮೊಬೈಲ್ ಮೂಲಕ 'ಬಾಂಬಾ ಚಾಕುಲಾ' ತಂದರು. ಸ್ವಾಹಿಲಿ ಆಡುಮಾತಿನಲ್ಲಿ 'ನಿನ್ನ ಊಟ ತಗೋ' ಎಂದರ್ಥ. ಅಲ್ಲಿ ನಿರಾಶ್ರಿತರೂ ಅಂಗಡಿಯವರಾದರು, ಪಕ್ಕದ ಊರಿನ ತುರ್ಕಾನಾ ಜನರೂ ಅಂಗಡಿಯವರಾದರು. ಮೊದಲು ಪಡಿಯ ಒಂದು ಸಣ್ಣ ಪಾಲನ್ನು ಮಾತ್ರ ದುಡ್ಡಾಗಿ ಬದಲಿಸಿದರು. ಹೀಗೆ ಹಂತ ಹಂತವಾಗಿ ಹೋಗುವುದೇ ಸರಿ. ಅಂಗಡಿಯಲ್ಲಿ ದಾಸ್ತಾನಿಲ್ಲದ ಊರಿನಲ್ಲಿ ಒಂದೇ ದಿನ ಎಲ್ಲರ ಕೈಗೂ ದುಡ್ಡು ಹಾಕಿದರೆ ಬೆಲೆ ಏರುತ್ತದೆ. ನಿರಾಶ್ರಿತರ ಜೊತೆ ಆ ಊರಿನ ಬಡವರೂ ಕೆಡುತ್ತಾರೆ.

ಆದರೆ ನೋಡಿ, ಇಷ್ಟೆಲ್ಲ ಸರಿಯಾಗಿ ಕಟ್ಟಿದ ಕಾರ್ಡಿನಲ್ಲಿ 'ಎಷ್ಟು' ಎಂಬುದೇ ಕುಸಿದರೆ ಏನು ಗತಿ? ಕಾಕ್ಸ್ ಬಜಾರ್‌ನಲ್ಲಿ ತಲೆಗೆ ತಿಂಗಳಿಗೆ 12 ಡಾಲರ್ ಇತ್ತು. ದೇಣಿಗೆ ಸಾಲದೆ 2023ರ ಮಾರ್ಚ್‌ನಲ್ಲಿ 10 ಆಯಿತು, ಜೂನ್‌ನಲ್ಲಿ 8 ಆಯಿತು. ದಿನಕ್ಕೆ 27 ಸೆಂಟ್. 2024ರ ಜನವರಿಯಲ್ಲಿ ಮತ್ತೆ 10ಕ್ಕೆ, ಆ ವರ್ಷವೇ 12.50ಕ್ಕೆ ಏರಿತು. 2025ರ ಮಾರ್ಚ್‌ನಲ್ಲಿ, ಏಪ್ರಿಲ್‌ನಿಂದ 6 ಡಾಲರ್ ಎಂದು ತಿಳಿಸಿ, ಕೆಲವೇ ವಾರಗಳಲ್ಲಿ 12 ಎಂದು ತಿದ್ದಿದರು. ಕಾನೂನುಬದ್ಧವಾಗಿ ದುಡಿಯಲು ಬಿಡದ ಜಾಗದಲ್ಲಿ ಈ ಏರಿಳಿತ ಅಂದರೆ ಊಟದ ಏರಿಳಿತವೇ.

ಈಗ 'ಯಾವ ತಾರೀಖಿಗೆ'. ಇದಕ್ಕೆ 2014ರ ಡಿಸೆಂಬರ್ ಕಥೆ ಹೇಳಲೇಬೇಕು. ಸ್ವಲ್ಪ ಉದ್ದ, ಆದರೆ ಬಿಡಲಾರೆ.

ಲೆಬನಾನ್, ಜೋರ್ಡಾನ್, ಟರ್ಕಿ, ಇರಾಕ್, ಈಜಿಪ್ಟ್ ಈ ಐದು ದೇಶಗಳಲ್ಲಿ 17 ಲಕ್ಷ ಸಿರಿಯನ್ನರು ಆಹಾರದ ಕಾರ್ಡು ಮತ್ತು ಕೂಪನ್ ಮೇಲೆ ಬದುಕುತ್ತಿದ್ದರು. ಅಕ್ಕಿಯೂ ಇತ್ತು, ಅಂಗಡಿಯೂ ಇತ್ತು, ಯಂತ್ರಗಳೂ ಕೆಲಸ ಮಾಡುತ್ತಿದ್ದವು. ಡಿಸೆಂಬರ್ 1ನೇ ತಾರೀಖು ಕಾರ್ಡಿಗೆ ದುಡ್ಡು ಬೀಳಲಿಲ್ಲ. ಕೊಡುತ್ತೇವೆ ಎಂದ ದೇಶಗಳ ದುಡ್ಡು ಬಂದಿರಲಿಲ್ಲ. ಆ ಒಂದು ತಿಂಗಳಿಗೆ ಬೇಕಿದ್ದದ್ದು 6.4 ಕೋಟಿ ಡಾಲರ್. ಲೆಬನಾನಿನ ಬೆಕಾ ಕಣಿವೆಯಲ್ಲಿ ಹಿಮ ಬೀಳುವ ಕಾಲ, ತಗಡು-ತಾರ್ಪಾಲಿನ ಗುಡಿಸಲು. ಆಗ ವಿಶ್ವ ಆಹಾರ ಕಾರ್ಯಕ್ರಮದವರು ಜಗತ್ತಿಗೇ ಒಂದು ಮನವಿ ಮಾಡಿದರು: 6.4 ಕೋಟಿ ಜನ ತಲಾ ಒಂದು ಡಾಲರ್ ಕೊಡಿ. ಬೀದಿಯಲ್ಲಿ ಹೋಗುವವರಿಗೂ ಅರ್ಥವಾಗುವ ಲೆಕ್ಕ. ಕೆಲವೇ ದಿನಗಳಲ್ಲಿ 8 ಕೋಟಿ ಡಾಲರ್ ಬಂತು. ದೊಡ್ಡ ಪಾಲು ಕೊಟ್ಟದ್ದು ಸರ್ಕಾರಗಳೇ. ಆ ಒಂದು ಡಾಲರಿನ ಮಾತು ಸರ್ಕಾರಗಳನ್ನು ಅಲುಗಿಸಿತು. ತಿಂಗಳ ಮಧ್ಯದ ಹೊತ್ತಿಗೆ ಕಾರ್ಡುಗಳು ಮತ್ತೆ ತುಂಬಿದವು.

ಇದನ್ನು ಗೆಲುವಿನ ಕಥೆ ಎಂದು ಹೇಳುವವರಿದ್ದಾರೆ. ನಾನು ಆ ನಡುವಿನ ಎರಡು ವಾರ ನೋಡುತ್ತೇನೆ. ತಿಂಗಳ ಸಾಮಾನು ತರುವವರಿಗೆ ಗೊತ್ತು, ಒಂದನೇ ತಾರೀಖಿಗೆ ಹಿಂದಿನ ತಿಂಗಳ ಡಬ್ಬಿ ತಳ ಕಂಡಿರುತ್ತದೆ. ಕಿರಾಣಿ ಅಂಗಡಿಯಲ್ಲಿ ಸಾಲ ಹೇಳಬೇಕು. ಆಮೇಲೆ ಬಂದ ದುಡ್ಡು ಸಾಲಕ್ಕೆ ಹೋಗುತ್ತದೆ, ಮುಂದಿನ ತಿಂಗಳು ಮತ್ತೆ ಸಾಲ. ಹದಿನೈದು ದಿನದ ತಡ ಹದಿನೈದು ದಿನಕ್ಕೆ ಮುಗಿಯುವುದಿಲ್ಲ. ಲೆಬನಾನಿನಲ್ಲಿ ಆಮೇಲೂ ಮೊತ್ತ ನಿಲ್ಲಲಿಲ್ಲ, 2015ರ ಜನವರಿಯಲ್ಲಿ 30 ಡಾಲರಿನಿಂದ 19ಕ್ಕೆ, ಜುಲೈನಲ್ಲಿ 13.50ಕ್ಕೆ ಇಳಿಯಿತು. ಆ ಬೇಸಿಗೆಯಲ್ಲೇ ಲಕ್ಷಾಂತರ ಸಿರಿಯನ್ನರು ಯುರೋಪಿನ ದಾರಿ ಹಿಡಿದರು. ಇದೊಂದೇ ಕಾರಣ ಎನ್ನುವುದಿಲ್ಲ. ಆದರೆ ಪಕ್ಕದ ದೇಶದಲ್ಲಿ ಒಲೆ ಉರಿಯದಿದ್ದರೆ ಜನ ಅಲ್ಲಿ ಕೂರುವುದಿಲ್ಲ.

ಅದೇ ಲೆಬನಾನಿನಲ್ಲಿ 2019ರ ನಂತರ ಇನ್ನೊಂದು ಪಾಠ. ಬ್ಯಾಂಕುಗಳು ಕುಸಿದವು, ಅಲ್ಲಿನ ನಾಣ್ಯ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬೆಲೆ ಕಳೆದುಕೊಂಡಿತು. ಕೊಡುವವರು ಡಾಲರಿನಲ್ಲಿ ಕೊಟ್ಟರೂ ಕೈಗೆ ಬರುವುದು ಲಿರಾ. ಎಟಿಎಂ ಮುಂದೆ ನೂಕುನುಗ್ಗಲು, ಒಳಗೆ ನೋಟು ಖಾಲಿ. 2023ರಲ್ಲಿ ಡಾಲರ್ ನೋಟೇ ಕೊಡಲು ಹೊರಟಾಗ 'ನಮಗಿಲ್ಲದ ಡಾಲರ್ ಅವರಿಗೇಕೆ' ಎಂದು ವಿರೋಧ ಎದ್ದು ಕೆಲಕಾಲ ನಿಲ್ಲಿಸಬೇಕಾಯಿತು. ಆ ಸಿಟ್ಟನ್ನು ತಪ್ಪೆನ್ನಲಾರೆ. ಬಡವಾದ ಊರಿಗೆ ಬಂದ ನೆರವು ಊರಿನ ಬಡವರಿಗೂ ಮುಟ್ಟಬೇಕು. ಲೆಬನಾನಿನ ಬಡವರಿಗೂ ಅಂಥದೇ ಆಹಾರದ ಕಾರ್ಡು ಇತ್ತು. ಅದು ಇನ್ನಷ್ಟು ದೊಡ್ಡದಾಗಬೇಕಿತ್ತು.

ಕೊಟ್ಟದ್ದು ಸಾಲುತ್ತಿದೆಯೇ ಎಂದು ತಿಳಿಯುವುದು ಹೇಗೆ? ಕಳೆದ ಏಳು ದಿನದಲ್ಲಿ ಮನೆಯಲ್ಲಿ ಏನೇನು ಎಷ್ಟು ದಿನ ತಿಂದಿರಿ ಎಂದು ಕೇಳುತ್ತಾರೆ. ಅನ್ನ-ರೊಟ್ಟಿಗೆ ದಿನಕ್ಕೆ 2 ಅಂಕ, ಬೇಳೆಕಾಳಿಗೆ 3, ತರಕಾರಿಗೆ 1, ಹಣ್ಣಿಗೆ 1, ಮಾಂಸ-ಮೀನು-ಮೊಟ್ಟೆಗೆ 4, ಹಾಲಿಗೆ 4, ಎಣ್ಣೆಗೆ ಅರ್ಧ, ಸಕ್ಕರೆಗೆ ಅರ್ಧ. 21ರವರೆಗೆ ಬಂದರೆ ತೀರಾ ಕಡಿಮೆ, 35 ದಾಟಿದರೆ ಪರವಾಗಿಲ್ಲ. ಈಗ ದಿನಾ ಅನ್ನ, ಎಣ್ಣೆ ಮತ್ತು ಸಕ್ಕರೆ ಮಾತ್ರ ಇರುವ ಮನೆ ಲೆಕ್ಕ ಹಾಕಿ. 14, ಮೂರೂವರೆ, ಮೂರೂವರೆ. ಸರಿಯಾಗಿ 21! ವಾರಕ್ಕೆ ಒಂದು ದಿನ ಸೊಪ್ಪು ಸೇರಿದರೆ ಆ ಮನೆ ಕಾಗದದಲ್ಲಿ ಮೇಲಿನ ಗುಂಪಿಗೆ ಹತ್ತಿಬಿಡುತ್ತದೆ. ಅದಕ್ಕೇ ಎಣ್ಣೆ-ಸಕ್ಕರೆ ದಿನಾ ಬಳಸುವ ಕಡೆ ಗೆರೆಯನ್ನು 28 ಮತ್ತು 42ಕ್ಕೆ ಏರಿಸುತ್ತಾರೆ. ಯಾರಾದರೂ ವರದಿ ತೋರಿಸಿದರೆ ಗೆರೆ ಎಲ್ಲಿ ಎಳೆದಿದ್ದಾರೆ ಎಂದು ಮೊದಲು ಕೇಳಿ.

ಹತ್ತು ನಿಮಿಷ ಎಂದು ಆಗಲೇ ಚೀಟಿ ಬಂದಿತ್ತು, ಈಗ ಅದು ಐದಾಗಿದೆ. ಉಳಿದದ್ದನ್ನು ಓಡಿಸುತ್ತೇನೆ.

ಗುರುತು ಹಿಡಿಯುವುದು. ಜಾತಾರಿಯಲ್ಲಿ 2016ರಲ್ಲಿ, ಅಂಗಡಿಯ ಗಲ್ಲಾದಲ್ಲಿ ಕಣ್ಣು ತೋರಿಸಿದರೆ ಸಾಕು, ಬಿಲ್ ಆಗುವ ಪದ್ಧತಿ ಬಂತು. ಕಾರ್ಡು ಕಳೆಯುವ ಭಯವಿಲ್ಲ. ಆದರೆ ಪೊರೆ ಬಂದ ಕಣ್ಣು, ಹಾಸಿಗೆ ಹಿಡಿದವರು, ಕೆಲಸ ಮಾಡಿ ಸವೆದ ಹೆಬ್ಬೆಟ್ಟು, ಸರ್ವರ್ ಡೌನ್, ಇವೆಲ್ಲ ನಮ್ಮ ಸೊಸೈಟಿಯಲ್ಲೂ ಕಂಡದ್ದೇ. ಯಂತ್ರ ಒಪ್ಪದಿದ್ದರೆ ಅದೇ ದಿನ, ಅದೇ ಜಾಗದಲ್ಲಿ ಬೇರೆ ದಾರಿ ಇರಬೇಕು. ಅವರ ಪರವಾಗಿ ತರುವವರ ಹೆಸರು ಮೊದಲೇ ಬರೆಸಿರಬೇಕು.

ಯಾರಿಗೆ ಕೊಡುವುದು ಎಂಬುದು ಇನ್ನೊಂದು ಉಪನ್ಯಾಸದ ವಿಷಯ. ಟರ್ಕಿಯ ರೆಡ್ ಕ್ರೆಸೆಂಟ್ ಸಂಸ್ಥೆ ನಿರಾಶ್ರಿತರಿಗೆ ನಗದು ಕೊಟ್ಟ ಕಿಜಿಲಾಯ್ ಕಾರ್ಡಿನಲ್ಲಿ ನಾಲ್ಕು ಮಕ್ಕಳಿದ್ದರೆ ಸೇರಿಸಿದರು. ಮೂರು ಮಕ್ಕಳಿದ್ದು ಅಪ್ಪನಿಗೆ ಕೆಲಸವಿಲ್ಲದ ಮನೆ, ಬೇರೆ ಯಾವ ಮಾನದಂಡಕ್ಕೂ ಹೊಂದದಿದ್ದರೆ, ಹೊರಗೆ ಉಳಿಯಿತು. ಇಂಥ ಗೆರೆ ಎಳೆದ ಮೇಲೆ ಮೇಲ್ಮನವಿ ಕೇಳುವವರು ಒಬ್ಬರಾದರೂ ಕೂತಿರಬೇಕು.

ಬೈಲಕುಪ್ಪೆಯ ಬಗ್ಗೆ ಹೇಳಬೇಕೆಂದು ಬರೆದುಕೊಂಡಿದ್ದೆ. 1960ರಲ್ಲಿ ಮೈಸೂರು ರಾಜ್ಯ ಟಿಬೆಟಿನವರಿಗೆ ಅಲ್ಲಿ ಭೂಮಿ ಕೊಟ್ಟಿತು. ಅವರು ಮೆಕ್ಕೆಜೋಳ ಬೆಳೆದರು, ಸ್ವೆಟರ್ ಮಾರಿದರು. ಭಾರತವಾಗಲಿ, ಬಾಂಗ್ಲಾದೇಶವಾಗಲಿ, ಲೆಬನಾನ್, ಜೋರ್ಡಾನ್‌ಗಳಾಗಲಿ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಸಹಿ ಇಲ್ಲದೆಯೂ ನಮ್ಮಲ್ಲಿ ದುಡಿಯಲು ಬಿಟ್ಟರು, ಆದ್ದರಿಂದ ಪಡಿಯ ಚೀಲ ವರ್ಷದಿಂದ ವರ್ಷಕ್ಕೆ ಹಗುರವಾಯಿತು. ಇದನ್ನು ವಿವರಿಸಲು ಈಗ ಹೊತ್ತಿಲ್ಲ.

ಐದು ಜನರ ಮನೆಯ ತಿಂಗಳ ಪಡಿಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಸಿ ಹಿಂದಿನ ಮೇಜಿನ ಮೇಲೆ ಇಟ್ಟಿದ್ದೇವೆ. ಪಕ್ಕದ ಸಾಲು ಖಾಲಿ ಬಿಟ್ಟಿದೆ. ಹೋಗುವಾಗ ನಿಮ್ಮ ಊರಿನ ಕಿರಾಣಿ ಅಂಗಡಿಯ ಇವತ್ತಿನ ಬೆಲೆ ಅದರಲ್ಲಿ ತುಂಬಿ, ಕೆಳಗೆ ಸೌದೆಯೋ ಗ್ಯಾಸೋ ಒಂದು ಸಾಲು ಸೇರಿಸಿ, ಕೂಡಿಸಿ ನೋಡಿ. ಪ್ರಶ್ನೆಗಳಿದ್ದರೆ ಕೇಳಿ, ಚಹಾ ಬರುವವರೆಗೆ ಇಲ್ಲೇ ಇರುತ್ತೇನೆ.